ಅಡುಗೆಮನೆ ಕಟ್ಟುವ ಮೊದಲು ಅಡುಗೆ ಮಾಡುವವರನ್ನು ಕೇಳಿ

ಬೆಳೆ ಕೈಗೆ ಹತ್ತಿ ನಾಲ್ಕು ಕಾಸು ಉಳಿದ ವರ್ಷ ನಮ್ಮ ಕಡೆ ರೈತರು ಮೊದಲು ಯೋಚಿಸುವುದು ಮನೆ ರಿಪೇರಿಯನ್ನು. ಮುಂಬಾಗಿಲಿಗೆ ತೇಗದ ಚೌಕಟ್ಟು ಬರುತ್ತದೆ. ಪಡಸಾಲೆಗೆ ಟೈಲ್ಸ್ ಬರುತ್ತದೆ. ಗೋಡೆಗೆ ಬಣ್ಣ ಬರುತ್ತದೆ. ಅಡುಗೆಮನೆಯ ಸರದಿ ಬರುವ ಹೊತ್ತಿಗೆ ಕೈಯಲ್ಲಿದ್ದ ದುಡ್ಡೂ ಕರಗಿರುತ್ತದೆ, ಮೇಸ್ತ್ರಿಯ ಉತ್ಸಾಹವೂ ಇಳಿದಿರುತ್ತದೆ. ಬಂದ ನೆಂಟರು ಕೂರುವ ಜಾಗಕ್ಕೆ ಲಕ್ಷ ಖರ್ಚಾಗುತ್ತದೆ. ಮನೆಯ ಹೆಂಗಸು ದಿನಕ್ಕೆ ಐದಾರು ಗಂಟೆ ನಿಲ್ಲುವ ಜಾಗಕ್ಕೆ ಉಳಿದ ಸಿಮೆಂಟು.

ಈಚೆಗೆ ಇದು ಸ್ವಲ್ಪ ಬದಲಾಗಿದೆ. ಅಡುಗೆಮನೆಗೂ ಜನ ದುಡ್ಡು ಹಾಕುತ್ತಿದ್ದಾರೆ. ಆದರೆ ಹಾಕುವ ರೀತಿ ಮಾತ್ರ ಪೇಟೆಯದು. ತಿಂಗಳಿಗೊಮ್ಮೆ ಅಂಗಡಿಯಿಂದ ಐದು ಕಿಲೋ, ಹತ್ತು ಕಿಲೋ ತರುವವರಿಗಾಗಿ ಯಾರೋ ಮಾಡಿದ ನಕ್ಷೆಯನ್ನು ವರ್ಷದ ಕಾಳು ಮನೆಯಲ್ಲೇ ಇಡುವ ನಾವು ತಂದು ಅಂಟಿಸಿಕೊಳ್ಳುತ್ತಿದ್ದೇವೆ. ನಾನೂ ಹಾಗೆಯೇ ಅಂಟಿಸಿಕೊಂಡವನು. ಅದರ ಫಲವನ್ನು ಈ ನಾಲ್ಕು ವರ್ಷ ಉಂಡಿದ್ದೇನೆ. ಅಥವಾ ನಾನು ಉಂಡೆ, ನಮ್ಮ ಮನೆಯ ಇಬ್ಬರು ಹೆಂಗಸರು ಅನುಭವಿಸಿದರು ಎನ್ನುವುದು ಸರಿ.

ನಮ್ಮದು ತಿಪಟೂರು ಕಡೆಯ ಹಳ್ಳಿ. ಮಣ್ಣಿನ ಗೋಡೆ, ಮಂಗಳೂರು ಹೆಂಚಿನ ಹಳೆಯ ಮನೆ. ಒಳಗೆ ಹೊಗೆ ಹಿಡಿದು ಕಪ್ಪಾದ ಅಡುಗೆಮನೆ, ಪಕ್ಕದಲ್ಲಿ ವಾಡೆಗಳಿದ್ದ ಕತ್ತಲೆ ಕೋಣೆ. ಎರಡರ ನಡುವಿನ ಗೋಡೆ ಒಡೆದು ಒಂದೇ ದೊಡ್ಡ ಅಡುಗೆಮನೆ ಮಾಡೋಣವೆಂದು ನಾನೂ ಮೇಸ್ತ್ರಿಯೂ ನೆಲದ ಮೇಲೆ ಸುಣ್ಣದ ಗೆರೆ ಎಳೆದೆವು. ಗೋಡೆಯುದ್ದಕ್ಕೂ ಗ್ರಾನೈಟ್ ಕಟ್ಟೆ, ಕೆಳಗೆ ಪೇಟೆಯ ಅಂಗಡಿಯೊಂದರಿಂದ ತಂದ ಪ್ಲೈವುಡ್ ಬೀರು, ಮೂಲೆಯಲ್ಲಿ ಸಿಂಕು. ಕಟ್ಟೆ ಎಷ್ಟು ಎತ್ತರ ಎಂದು ಮೇಸ್ತ್ರಿ ಕೇಳಿದಾಗ, "ಎಲ್ಲ ಕಡೆ ಎಷ್ಟು ಹಾಕ್ತೀರೋ ಅಷ್ಟೇ ಹಾಕಿ" ಎಂದೆ. ಅವರು 36 ಅಂಗುಲ ಹಾಕಿದರು. ಅಡುಗೆ ಮಾಡುವವರು ಇಬ್ಬರೂ ಅಲ್ಲೇ ಬಾಗಿಲ ಬಳಿ ನಿಂತು ನೋಡುತ್ತಿದ್ದರು. ಅವರನ್ನು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ನನ್ನ ಹೆಂಡತಿ ಐದು ಅಡಿ ಎತ್ತರ. 36 ಅಂಗುಲದ ಕಟ್ಟೆಯ ಮೇಲೆ ಗ್ಯಾಸ್ ಒಲೆ, ಒಲೆಯ ಮೇಲೆ ಮುಕ್ಕಾಲು ಅಡಿ ಆಳದ ಪಾತ್ರೆ. ಪಾತ್ರೆಯ ಬಾಯಿ ಅವಳ ಎದೆಗಿಂತ ಮೇಲೆ. ಸಾರು ತಿರುವಲು ತೋಳು ಎತ್ತಬೇಕು, ಪಾತ್ರೆ ಇಳಿಸಲು ತುದಿಗಾಲಲ್ಲಿ ನಿಲ್ಲಬೇಕು. ಆರು ತಿಂಗಳಲ್ಲಿ ಭುಜದ ನೋವು ಶುರುವಾಯಿತು. ನಿಲ್ಲಲು ಒಂದು ಮಣೆ ಹಾಕಿಕೊಂಡಳು. ಒಂದು ದಿನ ಗಂಜಿ ಬಸಿಯುವಾಗ ಆ ಮಣೆ ಜಾರಿ, ಬಿಸಿ ಗಂಜಿ ಪಾದದ ಮೇಲೆ ಬಿತ್ತು. ಒಂದು ತಿಂಗಳು ಚಪ್ಪಲಿ ಮೆಟ್ಟಲಾಗಲಿಲ್ಲ. ಆ ಸುಟ್ಟ ಕಲೆಯನ್ನು ಕಂಡಾಗಲೆಲ್ಲ ನಾನು ಮೇಸ್ತ್ರಿಗೆ ಕೊಟ್ಟ ಉತ್ತರ ನೆನಪಾಗುತ್ತದೆ.

ಅವ್ವನ ಕಥೆ ಬೇರೆ. ರಾಗಿ ಮುದ್ದೆ ಮಾಡುವುದನ್ನು ಕಂಡವರಿಗೆ ಗೊತ್ತು, ಅದು ಕೈಯ ಕೆಲಸವಲ್ಲ, ಇಡೀ ಮೈಯ ಕೆಲಸ. ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲು ಹಾಕಿ ಕಾಲಲ್ಲಿ ಅದುಮಿ ಹಿಡಿದು, ಎರಡೂ ಕೈಯಿಂದ ಹಿಟ್ಟಿನ ಕೋಲು ತಿರುವಬೇಕು. "ನಿಂತ್ಕೊಂಡು ಹಿಟ್ಟು ತಿರುವೋಕಾಗುತ್ತೇನೋ ಮಗ? ಕಾಲು ಎಲ್ಲಿಡಲಿ?" ಎಂದು ಅವ್ವ ಕೇಳಿದಳು. ನುಣುಪಾದ ಟೈಲ್ಸ್ ನೆಲದ ಮೇಲೆ ಪಾತ್ರೆ ನಿಲ್ಲುತ್ತಿರಲಿಲ್ಲ, ತಿರುವಿದತ್ತ ಜಾರುತ್ತಿತ್ತು. ಹದಿನೈದು ದಿನ ನೋಡಿ ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿದಳು. ಒಂದೂವರೆ ಲಕ್ಷ ಸುರಿದು ಕಟ್ಟಿದ ಅಡುಗೆಮನೆ ಒಳಗಿತ್ತು. ಮುದ್ದೆ ಹೊರಗೆ, ಹೊಗೆಯಲ್ಲೇ ಬೇಯುತ್ತಿತ್ತು.

ಅಳತೆ ತೆಗೆಯುವುದು ಬ್ರಹ್ಮವಿದ್ಯೆಯೇನಲ್ಲ. ಅಡುಗೆ ಮಾಡುವವರು ಬರಿಗಾಲಲ್ಲಿ ಗೋಡೆಗೆ ಆನಿ ನಿಂತು ಮೊಣಕೈ ಮಡಿಸಲಿ. ನೆಲದಿಂದ ಮೊಣಕೈಗೆ ಎಷ್ಟು ಅಂಗುಲವೋ ಅದರಲ್ಲಿ ನಾಲ್ಕು ಕಳೆದರೆ ತರಕಾರಿ ಹೆಚ್ಚುವ, ಹಿಟ್ಟು ಕಲಸುವ ಕಟ್ಟೆಯ ಎತ್ತರ. ಒಲೆ ಇಡುವ ಕಡೆ ಒಲೆಯ ಎತ್ತರವನ್ನೂ ಲೆಕ್ಕ ಹಿಡಿದು ಇನ್ನೂ ಐದು ಅಂಗುಲ ಇಳಿಸಬೇಕು. ನನ್ನ ಹೆಂಡತಿಗೆ ಮೊಣಕೈ 37 ಅಂಗುಲ. ಹೆಚ್ಚುವ ಕಟ್ಟೆ 33, ಒಲೆ ಕಟ್ಟೆ 28. ಕಟ್ಟೆ ಎರಡು ಮಟ್ಟದಲ್ಲಿದ್ದರೆ ನೋಡಲು ಚೆಂದವಿಲ್ಲ ಎಂದು ಮೇಸ್ತ್ರಿ ಹೇಳುತ್ತಾರೆ. ನೋಡುವವರು ಯಾರು? ಮುದ್ದೆಗೆ, ರೊಟ್ಟಿ ತಟ್ಟುವುದಕ್ಕೆ ನೆಲದ ಮಟ್ಟದಲ್ಲೇ ನಾಲ್ಕಡಿ ಮೂರಡಿಯ ಒಂದು ಮೂಲೆ ಬೇಕು. ಅಲ್ಲಿ ಟೈಲ್ಸ್ ಬೇಡ, ಒರಟು ಚಪ್ಪಡಿ ಇರಲಿ. ಚಪ್ಪಡಿಯಲ್ಲಿ ಪಾತ್ರೆಯ ತಳ ಕೂರುವಷ್ಟು ಒಂದು ಕುಳಿ ಹೊಡೆಸಿದರೆ ಪಾತ್ರೆ ಅಲುಗುವುದಿಲ್ಲ.

ಇನ್ನು ಕಾಳಿನ ಮಾತು. ನನ್ನ ದೊಡ್ಡ ತಪ್ಪು ಇದ್ದದ್ದು ಇಲ್ಲೇ. ವಾಡೆ ಕೋಣೆ ಒಡೆದೆನಲ್ಲ, ವರ್ಷದ ರಾಗಿ ಎಲ್ಲಿಡಬೇಕೆಂದು ಯೋಚಿಸಿರಲಿಲ್ಲ. ಚೀಲಗಳು ದನದ ಕೊಟ್ಟಿಗೆಯ ಪಕ್ಕದ ಶೆಡ್ಡಿಗೆ ಹೋದವು. ಮಳೆಗಾಲದಲ್ಲಿ ಗೋಡೆಗೆ ಒರಗಿದ್ದ ಚೀಲಗಳು ತೇವ ಹೀರಿದವು. ಎರಡು ಚೀಲ ಮುಗ್ಗಲು ಹಿಡಿದು ಕೋಳಿಗೂ ಹಾಕದಂತಾಯಿತು. ವಾಡೆಯಲ್ಲಿದ್ದಾಗ ರಾಗಿ ಎಷ್ಟು ವರ್ಷವಿದ್ದರೂ ಕೆಟ್ಟದ್ದನ್ನು ನಾನು ಕಂಡಿರಲಿಲ್ಲ.

ನಮ್ಮ ಮನೆಯಲ್ಲಿ ಆರು ಜನಕ್ಕೆ ವರ್ಷಕ್ಕೆ ಆರು ಕ್ವಿಂಟಾಲ್ ರಾಗಿ ಬೇಕು. ಇದಕ್ಕೆ ಎಷ್ಟು ಜಾಗ? ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರದ ಕಣಜದಲ್ಲಿ ಹೆಚ್ಚುಕಡಿಮೆ ಅಷ್ಟು ರಾಗಿ ಹಿಡಿಯುತ್ತದೆ. ಒಂದು ಬೀರುವಿನ ಜಾಗ, ಅಷ್ಟೇ! ಅದನ್ನು ಹೊರಗೋಡೆಗೆ ತಾಗದಂತೆ, ನೆಲದಿಂದ ಅರ್ಧ ಅಡಿ ಎತ್ತರಿಸಿ ಕಟ್ಟಿಸಿ, ಮೇಲೆ ಬಿಗಿಯಾದ ಮುಚ್ಚಳ, ಬುಡದಲ್ಲಿ ರಾಗಿ ಇಳಿಸಿಕೊಳ್ಳುವ ಸಣ್ಣ ಬಾಯಿ ಇಟ್ಟರೆ ಮುಗಿಯಿತು. ಚೀಲದಲ್ಲೇ ಇಡುವುದಾದರೆ ಮರದ ಅಟ್ಟಣೆ ಹಾಕಿ ಗೋಡೆಯಿಂದ ಒಂದಡಿ ಬಿಡಬೇಕು. ಬಾಗಿಲ ಕೆಳಗೆ ಕಿರುಬೆರಳು ತೂರುವ ಸಂದಿಯೂ ಇರಕೂಡದು, ಚಿಟ್ಟಿಲಿಗೆ ಅಷ್ಟು ಸಾಕು. ಹಿರಿಯರ ಹಗೇವನ್ನು ಮತ್ತೆ ತೋಡೋಣ ಎನ್ನುವವರಿದ್ದಾರೆ. ರಾಗಿಗೆ ಅದು ಒಳ್ಳೆಯದೇ, ಸಂಶಯವಿಲ್ಲ. ಆದರೆ ಗಾಳಿಯಿಲ್ಲದ ಹಗೇವಿಗೆ ಇಳಿದು ಪ್ರಾಣ ಬಿಟ್ಟವರೂ ಇದ್ದಾರೆ. ನಾನಂತೂ ಮನೆಯೊಳಗಿನ ಕಣಜವೇ ಸಾಕೆನ್ನುವವನು.

ಕಣಜಕ್ಕೆ ತುಂಬುವ ಮೊದಲು ಕಾಳು ಒಣಗಿದೆಯೇ ನೋಡಿ. ಒಣ ಸೀಸೆಯೊಂದಕ್ಕೆ ಒಂದು ಹಿಡಿ ಒಣಗಿದ ಪುಡಿ ಉಪ್ಪು, ಎರಡು ಮೂರು ಹಿಡಿ ಕಾಳು ಹಾಕಿ ಚೆನ್ನಾಗಿ ಕುಲುಕಿ ಒಂದು ಗಳಿಗೆ ಬಿಡಿ. ಉಪ್ಪು ಸೀಸೆಯ ಒಳಮೈಗೆ ಅಂಟಿದರೆ ತೇವ ಶೇ. 15ಕ್ಕಿಂತ ಹೆಚ್ಚಿದೆ ಎಂದರ್ಥ. ಅಂತಹ ಕಾಳು ಖಂಡಿತ ಇಡುವಂತಿಲ್ಲ. ಅಂಟದಿದ್ದರೂ ಇನ್ನೊಂದೆರಡು ಬಿಸಿಲು ಕಾಣಲಿ, ವರ್ಷವಿಡೀ ಇರಬೇಕಾದ ಕಾಳಿನಲ್ಲಿ ತೇವ ಶೇ. 12 ದಾಟಬಾರದು. ಬೇಳೆಕಾಳಿಗೆ ಅದಕ್ಕೂ ಕಡಿಮೆ. ಬಿಸಿಲಿನಿಂದ ತಂದ ಕಾಳನ್ನು ಬಿಸಿಬಿಸಿಯಾಗಿ ತುಂಬಬೇಡಿ. ರಾತ್ರಿ ಒಳಗೆ ಬೆವರುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಳೆಯ ಅಡುಗೆಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಜೋಳದ ತೆನೆ, ಅವರೆ, ಸೋರೆ ಬೀಜಗಳು ತೂಗುತ್ತಿದ್ದವು. ಹೊಗೆಯೂ ಕಾವೂ ಸೇರಿ ಹುಳುವನ್ನು ದೂರ ಇಟ್ಟಿದ್ದವು. ಹೊಗೆ ಹೋಗಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಗೆ ಹೋದ ಮನೆಯಲ್ಲಿ ಬೀಜಕ್ಕೆ ಹುಳು ಬೀಳುತ್ತದೆ. ನಮ್ಮಲ್ಲಿ ಮೊದಲ ವರ್ಷವೇ ಅವರೆ ಬೀಜವೆಲ್ಲ ತೂತಾಯಿತು. ಹಾಗಾಗಿ ಹೊಸ ಅಡುಗೆಮನೆಯಲ್ಲಿ ಬೀಜಕ್ಕೆ ಗಾಳಿಯಾಡದ ಡಬ್ಬಿ ಅಥವಾ ಈಗ ಸಿಗುವ ಗಾಳಿಯಾಡದ ದಪ್ಪ ಚೀಲ ಬೇಕು. ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಅಲಸಂದೆಗೆ ಬೂದಿ ಬೆರೆಸುವುದು ಇವತ್ತಿಗೂ ಕೆಲಸ ಮಾಡುತ್ತದೆ.

ಹುಳುವಿಗೆ ಹೆದರಿ ಗುಳಿಗೆ ಇಡುವ ಚಾಳಿ ಮಾತ್ರ ಬೇಡವೇ ಬೇಡ. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯ ತೂಕ 3 ಗ್ರಾಂ. ಗಾಳಿಯ ತೇವ ತಾಗಿದರೆ ಅದರಿಂದ 1 ಗ್ರಾಂ ವಿಷದ ಗಾಳಿ ಹೊರಡುತ್ತದೆ. ಅದಕ್ಕೆ ಮದ್ದಿಲ್ಲ. ದೊಡ್ಡ ಗೋದಾಮಿನಲ್ಲಿ ತರಬೇತಾದವರು ಬಳಸುವ ವಸ್ತು ಅದು. ಚೀಲದ ಪಕ್ಕದ ಕೋಣೆಯಲ್ಲಿ ಮಕ್ಕಳು ಮಲಗುವ ಮನೆಯಲ್ಲಿ ಅದಕ್ಕೆ ಜಾಗವಿಲ್ಲ. ಹಾಗೆಯೇ ಬೆಳೆಗೆ ಹೊಡೆಯುವ ಔಷಧಿಯ ಸೀಸೆ ಅಡುಗೆಮನೆಯ ಸಜ್ಜಾದ ಮೇಲಿರುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಖಾಲಿಯಾದ ಔಷಧಿ ಡಬ್ಬಿಯನ್ನು ತೊಳೆದು ಉಪ್ಪು ತುಂಬಿಟ್ಟಿದ್ದನ್ನೂ ಕಂಡಿದ್ದೇನೆ. ಮನೆ ರಿಪೇರಿಯ ನಕ್ಷೆ ಹಾಕುವಾಗಲೇ ಹೊರಗೆ, ಮಕ್ಕಳ ಕೈಗೆ ಎಟುಕದಂತೆ, ಔಷಧಿಗೆ ಬೀಗವಿರುವ ಒಂದು ಗೂಡು ಕಟ್ಟಿಸಿ. ಹತ್ತು ಇಟ್ಟಿಗೆಯ ಖರ್ಚು.

ಒಲೆಯ ವಿಚಾರದಲ್ಲಿ ಸರ್ಕಾರವೂ ವಿಜ್ಞಾನಿಗಳೂ ಕೈಕಟ್ಟಿ ಕೂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಮೂರು ಪಾತ್ರೆ ಇಡುವ, ಹೊಗೆ ಕೊಳವೆಯುಳ್ಳ ಅಸ್ತ್ರ ಒಲೆ ರೂಪಿಸಿದರು. ಸೌದೆ ಉಳಿಸುವ ಒಳ್ಳೆಯ ಒಲೆ ಅದು. ಕೊಳವೆಯ ಮಸಿ ತೆಗೆಯದ ಮನೆಗಳಲ್ಲಿ, ಪಾತ್ರೆ ಬಾಯಿಗೆ ಸರಿಹೊಂದದ ಮನೆಗಳಲ್ಲಿ ಕೆಟ್ಟ ಹೆಸರು ತೆಗೆದುಕೊಂಡಿತು. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಗ್ಯಾಸ್ ಬಡವರ ಮನೆಗೂ ಬಂತು. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆದರೂ ತೆಂಗಿನ ಗರಿ, ಮಟ್ಟೆ, ಚಿಪ್ಪು ಪುಕ್ಕಟೆ ಸಿಗುವ ನಮ್ಮ ಸೀಮೆಯಲ್ಲಿ ಗ್ಯಾಸ್ ಜೊತೆಗೆ ಸೌದೆ ಒಲೆಯೂ ಇದ್ದೇ ಇರುತ್ತದೆ. ಅಪಾಯ ಇರುವುದು ಎರಡನ್ನೂ ಒಂದೇ ಕೋಣೆಯಲ್ಲಿ ಇಡುವುದರಲ್ಲಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದ ಮೇಲೆ ಹರಡಿ ನಿಲ್ಲುತ್ತದೆ, ಕೆಂಡ ಎಲ್ಲಿದೆಯೋ ಅಲ್ಲಿಯವರೆಗೆ ತೆವಳುತ್ತದೆ. ಸೌದೆ ಒಲೆಗೆ ಹಿತ್ತಲ ಕಡೆ ಗೋಡೆಯಾಚೆ ಬೇರೆ ಮಾಡು ಇರಲಿ, ಅದಕ್ಕೆ ಹೊಗೆ ಕೊಳವೆ ಇರಲಿ. ಗ್ಯಾಸ್ ಕೋಣೆಯಲ್ಲಿ ನೆಲಕ್ಕೆ ಸಮನಾಗಿ ಒಂದು ಗಾಳಿಕಿಂಡಿ ಬಿಡಬೇಕು; ಮೇಲಿನ ಕಿಟಕಿ ಸಾಲದು. ಸಿಲಿಂಡರು ನೇರವಾಗಿ ನಿಂತಿರಬೇಕು, ಬಾಗಿಲು ಮುಚ್ಚಿದ ಬೀರುವಿನೊಳಗೆ ಇಡಬಾರದು. ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ ರೆಗ್ಯುಲೇಟರ್ ಆರಿಸಿ, ಬಾಗಿಲು ಕಿಟಕಿ ತೆಗೆದು, ಹೊರಗೆ ಬಂದು 1906ಕ್ಕೆ ಫೋನು ಮಾಡಿ.

ಪ್ಲೈವುಡ್ ಬೀರುವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಣ್ಣಿನ ಗೋಡೆಗೆ ತಾಗಿದ ಬೀರುವನ್ನು ಎರಡನೆಯ ವರ್ಷಕ್ಕೇ ಗೆದ್ದಲು ಮುಗಿಸಿತು. ಅದೇ ದುಡ್ಡಿಗೆ ಕಡಪ ಕಲ್ಲಿನ ಅಡ್ಡಪಟ್ಟಿಗಳನ್ನು ಹಾಕಿಸಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತಿದ್ದವು. ದಿನಬಳಕೆಯ ಡಬ್ಬಿಗಳು ಸೊಂಟದಿಂದ ಕಣ್ಣಿನ ಮಟ್ಟದವರೆಗೆ, ಹಬ್ಬದ ಪಾತ್ರೆಗಳು ಮೇಲೆ, ಭಾರದವು ಕೆಳಗೆ. ಇದನ್ನು ನನಗೆ ಹೇಳಿಕೊಟ್ಟದ್ದು ಯಾವ ಅಂಗಡಿಯವರೂ ಅಲ್ಲ, ನನ್ನ ಹೆಂಡತಿ. ಅದೂ ಈ ವರ್ಷ ಕೇಳಿದ ಮೇಲೆ.

ಈಗ ಯಂತ್ರ ಬಂದಿದೆ, ಕೂತು ಮುದ್ದೆ ತಿರುವುವವರು ಇನ್ನೆಷ್ಟು ವರ್ಷ, ಓದಿದ ಸೊಸೆಯಂದಿರಿಗೆ ಇದೆಲ್ಲ ಬೇಕೇ ಎಂದು ವಾಚನಾಲಯದಲ್ಲಿ ಗೆಳೆಯರೊಬ್ಬರು ವಾದ ಹೂಡಿದರು. ಬೇಡದಿರಬಹುದು. ಬೇಡವೆಂದು ಅವರೇ ಹೇಳಲಿ ಎಂಬುದಷ್ಟೇ ನನ್ನ ವಾದ. ಹೊಲಕ್ಕೆ ಬಾವಿ ತೆಗೆಸುವಾಗ ನೀರು ನೋಡುವವರನ್ನು ಕರೆಸುತ್ತೇವೆ. ನೇಗಿಲು ಮಾಡಿಸುವಾಗ ಹೂಡುವ ಎತ್ತಿನ ಎತ್ತರ ಕೇಳುತ್ತಿದ್ದೆವು. ಎತ್ತಿಗೆ ಕೊಟ್ಟ ಮರ್ಯಾದೆಯನ್ನು ಮನೆಯವರಿಗೆ ಕೊಡುವುದರಲ್ಲಿ ನಾಚಿಕೆಯೇನು? ಮನೆಯ ಗಂಡಸರೂ ಒಂದು ವಾರ ಆ ಕಟ್ಟೆಯ ಮುಂದೆ ನಿಂತು ಸಾರು ತಿರುವಿ ನೋಡಲಿ. ಹೆಂಡತಿಯ ಕಾಲು ಸುಟ್ಟ ತಿಂಗಳು ನಾನು ನಿಂತಿದ್ದೆ. ನನಗೆ ಆ ಎತ್ತರ ಸರಿಯಾಗಿತ್ತು; ಆಗಲೇ ತಿಳಿದದ್ದು, ಅದು ನನ್ನ ಅಳತೆಯ ಕಟ್ಟೆಯೆಂದು.

ಈ ಸಲ ರಾಗಿ ಕೊಯ್ಲಿಗೆ ಮೊದಲೇ ಮೇಸ್ತ್ರಿ ಬಂದು ಒಲೆಯ ಕಡೆಯ ಕಟ್ಟೆ ಒಡೆದು ಇಳಿಸಿದ್ದಾರೆ. ಕಣಜದ ಗೋಡೆ ಎದ್ದಿದೆ, ಮುಚ್ಚಳ ಬಡಗಿಯ ಬಳಿ ಇದೆ. ಮುದ್ದೆಯ ಚಪ್ಪಡಿಗೆ ಕುಳಿ ಹೊಡೆಯುವ ದಿನ ಅವ್ವ ತನ್ನ ಪಾತ್ರೆಯನ್ನು ತಾನೇ ತಂದು ಕಲ್ಲಿನ ಮೇಲೆ ಬೋರಲು ಹಾಕಿ, ಇದ್ದಿಲಿನಲ್ಲಿ ಸುತ್ತ ಗೆರೆ ಎಳೆದು ಹೋಗಿದ್ದಾಳೆ. ಒರಳು ಎಲ್ಲಿರಬೇಕೆಂಬುದು ಅತ್ತೆ ಸೊಸೆಯ ನಡುವೆ ಇನ್ನೂ ತೀರ್ಮಾನವಾಗಿಲ್ಲ. ಮೇಸ್ತ್ರಿ ಕಾಯುತ್ತಿದ್ದಾರೆ.