ಎಂಟು ತಂತಿ, ಒಂದು ಪರದೆ

ಮಕ್ಕಳೇ, ಈ ಸಂಖ್ಯೆಗಳನ್ನು ಒಮ್ಮೆ ಗಟ್ಟಿಯಾಗಿ ಓದಿ: 20, 21, 20, 21, 24, 25, 24, 25, 28, 29. ಅಜ್ಜ ಅಜ್ಜಿ ಪಕ್ಕದಲ್ಲಿದ್ದರೆ ಅವರಿಗೂ ಕೇಳಿಸಲಿ. ಶಿವಮೊಗ್ಗದ ಒಂದು ಕ್ಲಿನಿಕ್ಕಿನ ಗೋಡೆಯ ಮೇಲಿದ್ದ ಟೋಕನ್ ಫಲಕ 20ರಿಂದ 29ರವರೆಗೆ ಹೀಗೆ ಎಣಿಸುತ್ತಿತ್ತು.

ಇದರಲ್ಲಿ 27 ಇಲ್ಲ, ಗಮನಿಸಿದಿರಾ? ಆ ಟೋಕನ್ ಹಿಡಿದು ಕೂತಿದ್ದವರು ಹಳ್ಳಿಯಿಂದ ಬಂದಿದ್ದ ಒಬ್ಬ ಅಜ್ಜಿ. ಕಿವಿ ಮಂದ. ಕೂಗಿದರೆ ಕೇಳಿಸದು, ಹಾಗಾಗಿ ಫಲಕವನ್ನೇ ನಂಬಿಕೊಂಡು ಕೂತಿದ್ದರು. 24 ಬಂತು, 25 ಬಂತು, ಮತ್ತೆ 24, ಮತ್ತೆ 25, ಆಮೇಲೆ ನೇರವಾಗಿ 28. ತಮ್ಮ ಸರದಿ ಬಂದು ಹೋದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಡಾಕ್ಟರು ಕಡೆಗೆ ಕರೆದು ನೋಡಿದರು ನಿಜ, ಅಷ್ಟರಲ್ಲಿ ಊರಿನ ಕೊನೆಯ ಬಸ್ಸು ಹೊರಟುಹೋಗಿತ್ತು. ಬಿ.ಪಿ. ತೋರಿಸಲು ಹೋಗಿದ್ದ ನಾನೂ ಅಲ್ಲೇ ಇದ್ದೆ. ಫಲಕವನ್ನು ಗುಜರಿಗೆ ಹಾಕಿ, ಇನ್ನು ಮುಂದೆ ಹೆಸರು ಕೂಗುವುದೆಂದು ಅಲ್ಲಿಯವರು ಮಾತಾಡಿಕೊಳ್ಳುತ್ತಿದ್ದರು. ಹೆಸರು ಕೂಗಿದರೆ ಕಿವಿ ಕೇಳದವರ ಗತಿ ಏನು? "ಒಂದು ವಾರ ಕೊಡಿ, ನೋಡುತ್ತೇವೆ" ಎಂದು ಕೇಳಿ ಫಲಕವನ್ನು ಮನೆಗೆ ತಂದೆ. "ನೋಡುತ್ತೇವೆ" ಎಂದದ್ದು ಒಂಬತ್ತನೇ ತರಗತಿಯ ನನ್ನ ಮೊಮ್ಮಗಳನ್ನು ಸೇರಿಸಿಕೊಂಡು. ಈಗ ನನ್ನ ಕೈ ನಡುಗುತ್ತದೆ. ಬೆಸುಗೆ ಹಾಕುವ ಕೆಲಸ ಅವಳದು, ಲೆಕ್ಕ ಇಡುವ ಕೆಲಸ ನನ್ನದು.

ಮೊದಲು ಫಲಕದ ಎಣಿಕೆಯನ್ನು ತಿಳಿದುಕೊಳ್ಳೋಣ. ಹಿಂದೆ ಅಂಗಡಿಯ ತಕ್ಕಡಿಯ ಪಕ್ಕದಲ್ಲಿ ತೂಕದ ಕಲ್ಲುಗಳಿರುತ್ತಿದ್ದವಲ್ಲ, ಅವನ್ನು ನೆನೆಸಿಕೊಳ್ಳಿ. ನಮ್ಮ ಹತ್ತಿರ 1, 2, 4, 8 ಎಂಬ ನಾಲ್ಕೇ ಕಲ್ಲುಗಳಿವೆ ಎನ್ನಿ. ಮೂರು ಬೇಕಾದರೆ 2 ಮತ್ತು 1. ಏಳು ಬೇಕಾದರೆ 4, 2, 1. ಒಂಬತ್ತಕ್ಕೆ 8 ಮತ್ತು 1. ಸೊನ್ನೆಗೆ ಯಾವ ಕಲ್ಲೂ ಬೇಡ. ಟೋಕನ್ ಯಂತ್ರವೂ ಹೀಗೆಯೇ. ಮೇಜಿನ ಮೇಲಿನ ಪೆಟ್ಟಿಗೆಯಿಂದ ಗೋಡೆಯ ಫಲಕಕ್ಕೆ ಒಂದೊಂದು ಅಂಕಿಗೂ ನಾಲ್ಕು ತಂತಿಗಳು ಹೋಗುತ್ತವೆ. ಒಂದೊಂದು ತಂತಿ ಒಂದೊಂದು ಕಲ್ಲು. ತಂತಿಯಲ್ಲಿ 5 ವೋಲ್ಟ್ ಇದ್ದರೆ ಕಲ್ಲು ಇಟ್ಟಂತೆ, ಸೊನ್ನೆ ವೋಲ್ಟ್ ಇದ್ದರೆ ತೆಗೆದಂತೆ.

ಈಗ 2ರ ಕಲ್ಲು ಕಳೆದುಹೋಗಿದೆ ಎಂದುಕೊಳ್ಳಿ. ಏಳರಲ್ಲಿ ಎರಡು ಹೋದರೆ ಐದು, ಆರು ಹೋಗಿ ನಾಲ್ಕು, ಮೂರು ಹೋಗಿ ಒಂದು, ಎರಡು ಹೋಗಿ ಸೊನ್ನೆ. ಮೇಲಿನ ಸಾಲನ್ನು ಮತ್ತೆ ನೋಡಿ, ಸರಿಹೊಂದುತ್ತದೆ! ಮೊಮ್ಮಗಳು ಕಾಗದದ ಮೇಲೆ ಬರೆದು ಇಷ್ಟನ್ನು ಹತ್ತೇ ನಿಮಿಷದಲ್ಲಿ ಕಂಡುಹಿಡಿದಳು. ಬಿಡಿ ಸ್ಥಾನದ ಅಂಕಿಗೆ ಹೋಗುವ 2ರ ತಂತಿಯಲ್ಲಿ ಏನೋ ಐಬು ಇದೆ. ಆದರೆ ಎಲ್ಲಿ? ಎಣಿಸುವ ಚಿಪ್ಪಿನಲ್ಲೇ, ತಂತಿಯಲ್ಲೇ, ಅಂಕಿ ಬೆಳಗಿಸುವ ಚಿಪ್ಪಿನಲ್ಲೇ? ಮೀಟರ್ ಹಿಡಿದು ನಾಲ್ಕೂ ತಂತಿಗಳನ್ನು ನೋಡಿದೆವು. ನಾಲ್ಕೂ 'ಬೀಪ್' ಎಂದವು. ಎಲ್ಲವೂ ಸರಿಯಿದ್ದರೆ ಲೆಕ್ಕ ಯಾಕೆ ತಪ್ಪಬೇಕು?

ಯಂತ್ರ ಓಡುತ್ತಿರುವಾಗಲೇ ತಂತಿಯ ಎರಡೂ ತುದಿಗಳನ್ನು ಒಟ್ಟಿಗೆ ನೋಡಬೇಕಿತ್ತು. ಈ ಕಡೆ ನಾಲ್ಕು, ಆ ಕಡೆ ನಾಲ್ಕು, ಒಟ್ಟು ಎಂಟು ಜಾಗ. ಆಗ ನೆನಪಾದದ್ದು ಭದ್ರಾವತಿಯ ನಮ್ಮ ಭಾವನ ಮನೆಯ ಅಟ್ಟದಲ್ಲಿದ್ದ ಹಳೆಯ ಸಿ.ಆರ್.ಓ.

ಭದ್ರಾವತಿ ಎಂದರೆ ಕಬ್ಬಿಣದ ಊರು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಕಾರ್ಖಾನೆಯಲ್ಲಿ ಕಬ್ಬಿಣದ ಉತ್ಪಾದನೆ ಶುರುವಾದದ್ದು 1923ರಲ್ಲಿ. ಅಂಥ ಊರಲ್ಲಿ ಬೀದಿಗೊಬ್ಬರಾದರೂ ಫಿಟ್ಟರ್, ಟರ್ನರ್, ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಸಿಗುತ್ತಾರೆ. ನಮ್ಮ ಭಾವನೂ ಅಂಥವರಲ್ಲಿ ಒಬ್ಬರು. ಸಿ.ಆರ್.ಓ. ಎಂದರೆ ಕ್ಯಾಥೋಡ್ ರೇ ಆಸಿಲೋಸ್ಕೋಪ್. ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ ಎಂಬ ವಿಜ್ಞಾನಿ 1897ರಲ್ಲಿ ರೂಪಿಸಿದ ಗಾಜಿನ ಕೊಳವೆಯೇ ಇದರ ಮೂಲ. ಒಳಗೆ ಎಲೆಕ್ಟ್ರಾನ್‌ಗಳ ಒಂದು ಕಿರಣ ಎಡದಿಂದ ಬಲಕ್ಕೆ ಓಡುತ್ತ ಪರದೆಯ ಮೇಲೆ ಹಸಿರು ಗೆರೆ ಎಳೆಯುತ್ತದೆ. ವೋಲ್ಟೇಜು ಏರಿದರೆ ಗೆರೆ ಏರುತ್ತದೆ, ಇಳಿದರೆ ಇಳಿಯುತ್ತದೆ.

ಎಷ್ಟು ಬೇಗದ ಆಟವನ್ನು ಇದು ತೋರಿಸಬಲ್ಲದು? ಹಿರಿಯರಿಗೆ 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿ ಗೊತ್ತು. ರೇಡಿಯೊದ ಮುಳ್ಳನ್ನು 675ಕ್ಕೆ ತಿರುಗಿಸಿದರೆ ಅದು ಸಿಗುತ್ತಿತ್ತು. 675 ಕಿಲೋಹರ್ಟ್ಜ್ ಎಂದರೆ ಆ ಅಲೆ ಸೆಕೆಂಡಿಗೆ 6,75,000 ಸಲ ಏರಿಳಿಯುತ್ತದೆ. ಭಾವನ ಸಿ.ಆರ್.ಓ. 20 ಮೆಗಾಹರ್ಟ್ಜ್‌ನದು, ಎಂದರೆ ಸೆಕೆಂಡಿಗೆ ಎರಡು ಕೋಟಿ ಏರಿಳಿತದವರೆಗೂ ಗೆರೆ ಎಳೆಯಬಲ್ಲದು. ಆದರೆ ಅದಕ್ಕಿರುವುದು ಎರಡೇ ಕಣ್ಣು. ಒಂದೇ ಹೊತ್ತಿಗೆ ಎರಡು ತಂತಿಗಳನ್ನಷ್ಟೇ ನೋಡಬಲ್ಲದು. ನಮಗೆ ಬೇಕಾದದ್ದು ಎಂಟು.

"ಎಂಟು ಲೆಡ್ಜರಿಗೆ ಎಂಟು ಗುಮಾಸ್ತರು ಯಾಕೆ ಬೇಕು? ಒಬ್ಬನೇ ಚುರುಕಾಗಿ ಓಡಾಡಿದರೆ ಸಾಲದೇ?" ಎಂದರು ಭಾವ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಆ ಮಾತು ಅರ್ಥವಾಗದೆ ಹೋಗುತ್ತದೆಯೇ? ಅವರು ಹೇಳಿದ ಉಪಾಯವಿದು. ಒಂದೇ ಗೆರೆಯನ್ನು ಎಂಟು ಮೆಟ್ಟಿಲುಗಳ ಮೇಲೆ ಹಾರಿಸುವುದು. ಮೊದಲ ಮೆಟ್ಟಿಲಲ್ಲಿ ಮೊದಲ ತಂತಿಯ ಸುದ್ದಿ ಬರೆದು, ಎರಡನೆಯದಕ್ಕೆ ಹಾರಿ ಎರಡನೇ ತಂತಿಯ ಸುದ್ದಿ ಬರೆದು, ಎಂಟು ಮುಗಿದ ಮೇಲೆ ಮತ್ತೆ ಕೆಳಕ್ಕೆ. ಇದು ಸಾವಿರಾರು ಸಲ ನಡೆದರೆ ಕಣ್ಣಿಗೆ ಎಂಟು ಗೆರೆಗಳು ಒಟ್ಟಿಗೆ ಕಾಣುತ್ತವೆ. ಸೆಕೆಂಡಿಗೆ 24 ಬಿಡಿ ಚಿತ್ರಗಳನ್ನು ತೋರಿಸಿದರೆ ನಮಗೆ ಸಿನಿಮಾ ಓಡಿದಂತೆ ಕಾಣುವುದಿಲ್ಲವೇ, ಹಾಗೆ.

ಇದಕ್ಕೆ ಬೇಕಾದದ್ದು ಮೂರೇ ಚಿಪ್ಪುಗಳು. ಮೊದಲನೆಯದು 555. ಹ್ಯಾನ್ಸ್ ಕಾಮೆನ್‌ಜಿಂಡ್ ಎಂಬ ಎಂಜಿನಿಯರ್ 1971ರಲ್ಲಿ ವಿನ್ಯಾಸ ಮಾಡಿದ ಇದು ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ. ಇದು ತಾಳ ಹಾಕುವವನು. 1 ಕಿಲೋಓಮ್ ಮತ್ತು 6.8 ಕಿಲೋಓಮ್ ರೆಸಿಸ್ಟರ್, 1 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಸೆಕೆಂಡಿಗೆ ಸುಮಾರು ಒಂದು ಲಕ್ಷ ಸಲ ತಾಳ ಬೀಳುತ್ತದೆ. ಎರಡನೆಯದು 74ಎಚ್‌ಸಿ393, ಎಣಿಸುವವನು. ಅದರ ಮೂರು ಕಾಲುಗಳಲ್ಲಿ 0ಯಿಂದ 7ರವರೆಗಿನ ಎಣಿಕೆ ಸಿಗುತ್ತದೆ. ಮೂರನೆಯದು 74ಎಚ್‌ಸಿ151, ಬಾಗಿಲು ಕಾಯುವವನು. ಎಣಿಕೆ ಎಷ್ಟಿದೆಯೋ ಆ ಸಂಖ್ಯೆಯ ತಂತಿಯನ್ನು ಮಾತ್ರ ಒಳಗೆ ಬಿಡುತ್ತಾನೆ.

ಮೆಟ್ಟಿಲು ಕಟ್ಟುವುದು ಇನ್ನೂ ಸುಲಭ. ಎಣಿಕೆಯ ಮೂರು ಕಾಲುಗಳಲ್ಲಿ 4ರ ಕಾಲಿಗೆ 10, 2ರ ಕಾಲಿಗೆ 20, 1ರ ಕಾಲಿಗೆ 39 ಕಿಲೋಓಮ್ ರೆಸಿಸ್ಟರ್. ಬಾಗಿಲು ಕಾಯುವವನ ಹೊರಕಾಲಿಗೆ 82 ಕಿಲೋಓಮ್. ಈ ನಾಲ್ಕು ರೆಸಿಸ್ಟರ್‌ಗಳ ಇನ್ನೊಂದು ತುದಿಗಳನ್ನು ಒಂದೇ ಕಡೆ ಸೇರಿಸಿ ಸಿ.ಆರ್.ಓ.ಗೆ ಕೊಟ್ಟರೆ ಆಯಿತು. ರೆಸಿಸ್ಟರ್ ಚಿಕ್ಕದಾದಷ್ಟೂ ಅದರ ಪಾಲು ದೊಡ್ಡದು. ಒಂದೊಂದು ಮೆಟ್ಟಿಲು ಸುಮಾರು 0.7 ವೋಲ್ಟ್ ಎತ್ತರ, ಅದರ ಮೇಲೆ ತಂತಿಯ ಸುದ್ದಿ ಸುಮಾರು 0.3 ವೋಲ್ಟ್. ಹಾಗಾಗಿ ಒಂದು ಗೆರೆ ಇನ್ನೊಂದರ ಮೇಲೆ ಹತ್ತುವುದಿಲ್ಲ.

ಪ್ರತಿ ತಂತಿಯ ದಾರಿಯಲ್ಲಿ 10 ಕಿಲೋಓಮ್ ರೆಸಿಸ್ಟರ್ ಒಂದು ಕಾವಲಿಗೆ. ಒಳಬಾಗಿಲಿನಿಂದ ನೆಲಕ್ಕೆ, ಅಂದರೆ ಗ್ರೌಂಡಿಗೆ, 100 ಕಿಲೋಓಮ್ ಇನ್ನೊಂದು, ಯಾವುದಕ್ಕೂ ಸಿಕ್ಕಿಸದ ತಂತಿ ಸುಮ್ಮನೆ ಸೊನ್ನೆಯಲ್ಲಿ ಇರಲೆಂದು. ಪ್ರತಿ ಚಿಪ್ಪಿನ ಪಕ್ಕ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. ತಂತಿಗಳಿಗೆ ರೆಸಿಸ್ಟರಿನ ಬಣ್ಣದ ಲೆಕ್ಕವನ್ನೇ ಹಿಡಿದೆವು: 1 ಕಂದು, 2 ಕೆಂಪು, 3 ಕಿತ್ತಳೆ, 4 ಹಳದಿ, 5 ಹಸಿರು, 6 ನೀಲಿ, 7 ನೇರಳೆ, 8 ಬೂದು. ಗ್ರೌಂಡಿಗೆ ಕಪ್ಪು. ಎಲ್ಲವನ್ನೂ ಹಳೆಯ ಕಂಪಾಸ್ ಪೆಟ್ಟಿಗೆಯೊಳಗೆ ಕೂರಿಸಿದೆವು. ನನ್ನ ಪುಸ್ತಕದಲ್ಲಿ ಬರೆದಿಟ್ಟ ಒಟ್ಟು ಖರ್ಚು 240 ರೂಪಾಯಿ.

ಭಾನುವಾರ ಭಾವ ಸಿ.ಆರ್.ಓ.ವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದರು. ಟೋಕನ್ ಪೆಟ್ಟಿಗೆಯ ಗುಂಡಿಯನ್ನು ಕೈಯಿಂದ ಒತ್ತುವ ಬದಲು ಇನ್ನೊಂದು 555 ಕಟ್ಟಿ ಸೆಕೆಂಡಿಗೆ 500 ಸಲ ಒತ್ತಿದಂತೆ ಮಾಡಿದೆವು. 0ಯಿಂದ 9ರವರೆಗೆ ಒಂದು ಸುತ್ತಿಗೆ 20 ಮಿಲಿಸೆಕೆಂಡ್ ಬೇಕು. ಸಿ.ಆರ್.ಓ.ದ ಪರದೆಯಲ್ಲಿ ಅಡ್ಡಕ್ಕೆ ಹತ್ತು ಮನೆಗಳಿವೆ. ಮನೆಗೆ 2 ಮಿಲಿಸೆಕೆಂಡ್ ಇಟ್ಟರೆ ಒಂದೊಂದು ಮನೆಗೆ ಒಂದೊಂದು ಅಂಕಿ! ಇನ್ನೊಂದು ಮುಖ್ಯ ಸಂಗತಿ ಇದೆ. ಗೆರೆ ಯಾವಾಗ ಹೊರಡಬೇಕೆಂದು ಸಿ.ಆರ್.ಓ.ಗೆ ಯಾರಾದರೂ ಸೀಟಿ ಊದಬೇಕು. ಇದಕ್ಕೆ ಟ್ರಿಗರ್ ಎನ್ನುತ್ತಾರೆ. 8ರ ತಂತಿ ಸುತ್ತಿಗೆ ಒಂದೇ ಸಲ, 9 ಮುಗಿದು 0 ಬರುವಾಗ, ಕೆಳಗಿಳಿಯುತ್ತದೆ. ಆ ತಂತಿಯನ್ನೇ ಟ್ರಿಗರ್ ಕಿಂಡಿಗೆ ಕೊಟ್ಟೆವು. ಗೆರೆ ಪ್ರತಿಸಲವೂ ಸೊನ್ನೆಯಿಂದಲೇ ಹೊರಟಿತು.

ಕಂದು, ಕೆಂಪು, ಕಿತ್ತಳೆ, ಹಳದಿ ತಂತಿಗಳನ್ನು ಪೆಟ್ಟಿಗೆಯ ಕಡೆ 1, 2, 4, 8ಕ್ಕೆ ಸಿಕ್ಕಿಸಿದೆವು. ಹಸಿರು, ನೀಲಿ, ನೇರಳೆ, ಬೂದು ಫಲಕದ ಕಡೆ ಅದೇ ಕ್ರಮದಲ್ಲಿ. ಪರದೆಯ ಮೇಲೆ ಎಂಟು ಹಸಿರು ಸಾಲುಗಳು ಸ್ವಲ್ಪ ಮಿಣುಕುತ್ತ ಮೂಡಿದವು. 1ರದು ಮನೆ ಬಿಟ್ಟು ಮನೆ ಏರುತ್ತದೆ, 2ರದು ಎರಡೆರಡು ಮನೆಗೊಮ್ಮೆ. 4ರದು ನಾಲ್ಕರಿಂದ ಏಳರವರೆಗೆ ಎದ್ದು ನಿಲ್ಲುತ್ತದೆ, 8ರದು ಕೊನೆಯ ಎರಡು ಮನೆಗಳಲ್ಲಿ ಮಾತ್ರ. ಎರಡೂ ಕಡೆಯವು ಅವಳಿಗಳಂತೆ ಹೊಂದಿಕೊಂಡಿದ್ದವು. ನೀಲಿಯದೂ ಸರಿಯಾಗಿಯೇ ಇತ್ತು.

"ಅಜ್ಜ, ಇದು ಇಲ್ಲಿ ಮೇಜಿನ ಮೇಲೆ ಮಲಗಿದೆ. ಅಲ್ಲಿ ಗೋಡೆಗೆ ನೇತುಹಾಕಿದ್ದರಲ್ಲ?" ಎಂದಳು ಮೊಮ್ಮಗಳು. ಪಟ್ಟಿಯಂಥ ಆ ತಂತಿಯನ್ನು ಕ್ಲಿನಿಕ್ಕಿನಲ್ಲಿ ಹೇಗೆ ಬಾಗಿಸಿದ್ದರೋ ಹಾಗೆ, ಫಲಕದಿಂದ ನಾಲ್ಕು ಬೆರಳಿನ ದೂರದಲ್ಲಿ ಮಡಿಸಿದಳು. ನೀಲಿ ಸಾಲು ತಟಕ್ಕನೆ ಚಪ್ಪಟೆಯಾಯಿತು. ನೆಟ್ಟಗೆ ಮಾಡಿದಳು, ಮತ್ತೆ ಕುಣಿಯಿತು. ಕೆಂಪು ಮಾತ್ರ ಎರಡು ಸಲವೂ ಕುಣಿಯುತ್ತಲೇ ಇತ್ತು. ಎಣಿಸುವ ಚಿಪ್ಪು 2 ಎಂದು ಹೇಳುತ್ತಿದೆ, ಆ ಮಾತು ಫಲಕಕ್ಕೆ ತಲುಪುತ್ತಿಲ್ಲ. ಹೊರಗಿನ ಸಿಪ್ಪೆ ನೆಟ್ಟಗಿತ್ತು, ಒಳಗೆ ತಾಮ್ರ ತುಂಡಾಗಿತ್ತು. ನೆಟ್ಟಗಿದ್ದಾಗ ತುಂಡುಗಳು ಮುಟ್ಟಿಕೊಳ್ಳುತ್ತಿದ್ದವು, ಅದಕ್ಕೇ ಮೀಟರ್ 'ಬೀಪ್' ಎಂದದ್ದು. ಬಾಗಿಸಿದರೆ ಬಿಟ್ಟುಕೊಳ್ಳುತ್ತಿದ್ದವು. ಕೆಟ್ಟ ಭಾಗವನ್ನು ಕತ್ತರಿಸಿ ಮತ್ತೆ ಬೆಸೆದಳು. ಈಗ ಆ ಗೋಡೆಯ ಮೇಲೆ 22, 23, 26, 27 ಎಲ್ಲವೂ ಬರುತ್ತಿವೆ.

ಇದಕ್ಕೆಂದೇ ಲಾಜಿಕ್ ಅನಲೈಸರ್ ಎಂಬ ಯಂತ್ರವಿದೆ. ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್ ಕಂಪನಿ ಅಂಥದ್ದನ್ನು 1973ರಲ್ಲೇ ಮಾರುಕಟ್ಟೆಗೆ ತಂದಿತ್ತು. ಕಂಪ್ಯೂಟರಿಗೆ ಸಿಕ್ಕಿಸುವ ಬೆಂಕಿಪೊಟ್ಟಣದಷ್ಟು ಚಿಕ್ಕವೂ ಈಗ ಸಿಗುತ್ತವೆ. ಅವಕ್ಕೆ ನೆನಪಿನ ಶಕ್ತಿ ಇದೆ, ಒಂದೇ ಸಲ ನಡೆದು ಹೋದದ್ದನ್ನೂ ಹಿಡಿದಿಡುತ್ತವೆ. ನಮ್ಮ ಕಂಪಾಸ್ ಪೆಟ್ಟಿಗೆಗೆ ಅದು ಆಗದು. ಮತ್ತೆ ಮತ್ತೆ ನಡೆಯುವುದನ್ನು, ಅದೂ ನಿಧಾನದ್ದನ್ನು ಮಾತ್ರ ಅದು ತೋರಿಸುತ್ತದೆ. ಒಂದು ಲಕ್ಷ ತಾಳವನ್ನು ಎಂಟು ಸಾಲುಗಳಿಗೆ ಹಂಚಿದರೆ ಒಂದೊಂದಕ್ಕೆ ಬರುವುದು ಸೆಕೆಂಡಿಗೆ 12,500 ನೋಟ ಮಾತ್ರ. ಕಣ್ಣು ಮಿಟುಕಿಸುವ ಹೊತ್ತಿನಲ್ಲಿ ಸಾವಿರಾರು ಲೆಕ್ಕ ಮಾಡುವ ಕಂಪ್ಯೂಟರಿಗೆ ಇದು ಸಾಲದು. ಟೋಕನ್ ಫಲಕಕ್ಕೆ ಧಾರಾಳವಾಗಿ ಸಾಕು.

ಎಚ್ಚರಿಕೆಯ ಮಾತನ್ನು ಮರೆಯಬೇಡಿ. ಹಳೆಯ ಸಿ.ಆರ್.ಓ.ದ ಮುಚ್ಚಳ ತೆಗೆಯಲೇಬಾರದು. ಒಳಗೆ ಸಾವಿರಗಟ್ಟಲೆ ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಅದರ ಗ್ರೌಂಡ್ ಕ್ಲಿಪ್ಪು ಗೋಡೆಯ ಅರ್ತ್‌ಗೇ ಸೇರಿರುತ್ತದೆ, ಹಾಗಾಗಿ ಮನೆಯ ಕರೆಂಟಿಗೆ ನೇರವಾಗಿ ಸೇರಿದ ಯಾವುದಕ್ಕೂ ಅದನ್ನು ಮುಟ್ಟಿಸಬಾರದು. 5 ವೋಲ್ಟಿನ ಅಡಾಪ್ಟರಿನಲ್ಲಿ ನಡೆಯುವ ಆಟಿಕೆ, ಫಲಕಗಳಿಗಷ್ಟೇ ಈ ಪೆಟ್ಟಿಗೆ. ಬೆಸುಗೆ ಹಾಕುವಾಗ ದೊಡ್ಡವರೊಬ್ಬರು ಪಕ್ಕದಲ್ಲಿರಲಿ, ಕಿಟಕಿ ತೆರೆದಿರಲಿ.

ಅಜ್ಜ ಅಜ್ಜಿಯರಿಗೂ ಒಂದು ಮಾತು. ನಿಮ್ಮ ಅಟ್ಟದಲ್ಲೂ ಹಳೆಯ ಮೀಟರೋ ರೇಡಿಯೊವೋ ತಕ್ಕಡಿಯೋ ಇರಬಹುದು. ಗುಜರಿಯವನಿಗೆ ಹಾಕುವ ಮೊದಲು ಮಕ್ಕಳಿಗೆ ಒಮ್ಮೆ ತೋರಿಸಿ, ಅದರಲ್ಲಿ ಏನು ಅಳೆಯುತ್ತಿದ್ದಿರಿ ಎಂದು ಹೇಳಿ.

ಈ ವಾರದ ಲೆಕ್ಕ: 2ರದು ಸರಿಯಾಗಿದ್ದು, ಬಿಡಿ ಸ್ಥಾನದ 4ರ ತಂತಿ ತುಂಡಾಗಿದ್ದರೆ ಫಲಕ 40ರಿಂದ 49ರವರೆಗೆ ಹೇಗೆ ಎಣಿಸುತ್ತದೆ? ಯಾವ ನಾಲ್ಕು ಟೋಕನ್‌ಗಳವರು ಕಾದು ಕೂರಬೇಕಾಗುತ್ತದೆ? ತೂಕದ ಕಲ್ಲು ಕಂಡಿರುವ ಹಿರಿಯರನ್ನು ಜೊತೆಗೆ ಕೂರಿಸಿಕೊಂಡು ಬಿಡಿಸಿ.