ಮುಖದ ಬಟ್ಟೆ ಇಳಿಯಿತು, ಹೊಣೆಯೂ ಇಳಿಯಿತೆ?

ಜಾತ್ರೆಯ ದಿನಗಳು ಬಂದವೆಂದರೆ ರಾಯಚೂರಿನ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನೀರಮಾನ್ವಿಯ ಯಲ್ಲಮ್ಮನಿಗೆ ಹೊರಟವರು, ದೇವದುರ್ಗದ ಹಾದಿಯಲ್ಲಿ ಗಬ್ಬೂರಿನ ಬೂದಿಬಸವೇಶ್ವರನಿಗೆ ಹೊರಟವರು, ದೇವಸೂಗೂರಿನ ಸೂಗೂರೇಶ್ವರನಿಗೆ ಹೊರಟವರು, ತುಂಗಭದ್ರೆಯ ಆಚೆ ದಡದ ಮಂತ್ರಾಲಯಕ್ಕೆ ಹೊರಟವರು, ಬಹುಮಟ್ಟಿಗೆ ಎಲ್ಲರೂ ದುಡಿಯುವ ಜನ. ಈ ಗುಂಪಿನಲ್ಲಿ ಇಂದು ಮುಖಗವಸು ತೊಟ್ಟವರನ್ನು ಹುಡುಕಿ ನೋಡಬೇಕು. ಇದನ್ನು ಕಂಡು ಮೂಗು ಮುರಿಯುವ ವಿದ್ಯಾವಂತರು ಉಂಟು. ಅಷ್ಟು ಜನ ಸತ್ತರೂ ಇವರಿಗೆ ಬುದ್ಧಿ ಬರಲಿಲ್ಲವೆಂದು ಅವರ ವಾದ. ರೋಗ ಹೋಯಿತು, ಕಾಯಿದೆಯೂ ಹೋಯಿತು, ಇನ್ನೇತರ ಭಯ ಎನ್ನುವವರು ಇನ್ನು ಕೆಲವರು. ಇಬ್ಬರ ಮಾತೂ ನಮಗೆ ಒಪ್ಪಿಗೆಯಿಲ್ಲ. ಜನ ಜಾತ್ರೆಗೆ ಹೋಗಲಿ, ಸಿನಿಮಾಕ್ಕೆ ಹೋಗಲಿ, ಕೋಟೆ ನೋಡಲು ಹೋಗಲಿ. ಹೋಗುವುದು ಅವರ ಹಕ್ಕು. ಆದರೆ ಮುಖಗವಸಿನ ನಿಯಮವನ್ನು ಸಡಿಲಿಸಿದ ಸರ್ಕಾರ ಅದರ ಜೊತೆಗೇ ಜನಸಂದಣಿಯ ಆರೋಗ್ಯದ ಹೊಣೆಯನ್ನೂ ಕೆಳಗಿಳಿಸಿ ಹೊರಟುಹೋಯಿತಲ್ಲ, ನಮ್ಮ ಆಕ್ಷೇಪವಿರುವುದು ಅಲ್ಲಿ.

ನಿಯಮ ಬಂದ ಬಗೆಯನ್ನೂ ಹೋದ ಬಗೆಯನ್ನೂ ಓದುಗರು ಒಮ್ಮೆ ನೆನಪು ಮಾಡಿಕೊಳ್ಳಬೇಕು. 2020ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯ ಸರ್ಕಾರ ಮುಖಗವಸು ಇಲ್ಲದವರಿಗೆ ಪಟ್ಟಣಗಳಲ್ಲಿ 1000 ರೂಪಾಯಿ, ಹಳ್ಳಿಗಳಲ್ಲಿ 500 ರೂಪಾಯಿ ದಂಡ ಹಾಕಿತು. ಜನ ಕೂಗೆದ್ದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು 250ಕ್ಕೂ 100ಕ್ಕೂ ಇಳಿಸಬೇಕಾಯಿತು. ದಿನಗೂಲಿಯ ಬಹುಭಾಗವನ್ನು ನಡುರಸ್ತೆಯಲ್ಲಿ ಕಿತ್ತುಕೊಳ್ಳುವುದೇ ಆರೋಗ್ಯ ರಕ್ಷಣೆಯೆಂದು ಮಂತ್ರಿಗಳಿಗೆ ಹೊಳೆದದ್ದು ಹೀಗೆ. 2022ರ ಮಾರ್ಚ್ 31ಕ್ಕೆ ವಿಪತ್ತು ನಿರ್ವಹಣಾ ಕಾಯಿದೆಯ ಆಜ್ಞೆಗಳು ಮುಗಿಯುತ್ತವೆ ಎಂದು ಕೇಂದ್ರ ಹೇಳಿತು. ಮುಖಗವಸು ತೊಡಿರಿ, ಕೈ ತೊಳೆಯಿರಿ ಎಂಬುದು ಸಲಹೆಯಾಗಿ ಉಳಿಯಿತು. ತಿಂಗಳು ತುಂಬುವ ಮೊದಲೇ, ಏಪ್ರಿಲ್ 25ರಂದು, ಬೆಂಗಳೂರಿನಿಂದ ಮತ್ತೆ ಕಡ್ಡಾಯದ ಆಜ್ಞೆ. ಅದೇ ವರ್ಷದ ಡಿಸೆಂಬರಿನಲ್ಲಿ ಹೊಸ ವರ್ಷದ ಕುಣಿತಕ್ಕೆ ಮುಂಚೆ ಚಿತ್ರಮಂದಿರ, ಶಾಲೆ, ಕಾಲೇಜುಗಳಲ್ಲಿ ಮುಖಗವಸು ಬೇಕೆಂದು ಆರೋಗ್ಯ ಮಂತ್ರಿಗಳು ಸಾರಿದರು. (ಮುಖ ಮುಚ್ಚಿಕೊಂಡು ಕಡಲೆಕಾಯಿ ತಿನ್ನುವ ವಿದ್ಯೆಯನ್ನು ಅವರು ಕಲಿಸಿಕೊಡಲಿಲ್ಲ.) 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತು ಸ್ಥಿತಿ ಮುಗಿಯಿತೆಂದಿತು. ಆ ವರ್ಷದ ಡಿಸೆಂಬರಿನಲ್ಲಿ ಹೊಸ ತಳಿಯೊಂದು ಬಂದಾಗ 60 ದಾಟಿದವರು ಮುಖಗವಸು ತೊಡಲಿ ಎಂದು ರಾಜ್ಯ ಮತ್ತೆ ಹೇಳಿತು. ಈ ಏರಿಳಿತದಲ್ಲಿ ಬದಲಾದದ್ದು ಬಡವನ ಮುಖದ ಮೇಲಿನ ಬಟ್ಟೆ ಒಂದೇ. ಜಾತ್ರೆಯ ಬಯಲಿಗೆ ಒಂದು ನಲ್ಲಿ ಹೆಚ್ಚಾಗಿ ಬಂತೆ? ದರ್ಶನದ ಸಾಲಿಗೆ ಗಾಳಿಯಾಡುವ ದಾರಿ ಬಂತೆ?

ಜಾತ್ರೆಯೆಂದರೆ ಮೌಢ್ಯದ ಸಂತೆ ಎಂದು ತಿಳಿದವರು ನಮ್ಮ ಪಕ್ಷದಲ್ಲಿಯೂ ಕೆಲವರಿದ್ದಾರೆ. ಅವರು ಒಂದು ದಿನ ಗದ್ದಲದ ನಡುವೆ ನಿಂತು ಲೆಕ್ಕ ಹಾಕಲಿ. ಬಳೆಗಾರ, ಬೆಂಡು ಬತ್ತಾಸಿನವ, ಚುರುಮುರಿ ಮಿರ್ಚಿಯ ಬಂಡಿಯವಳು, ಆಟಿಕೆ ಸಾಮಾನಿನವ, ತೊಟ್ಟಿಲು ತಿರುಗಿಸುವವ, ಕುಂಕುಮ ಕಾಯಿ ಕರ್ಪೂರದವ, ತಿಂಗಳುಗಟ್ಟಲೆ ಬೀಡು ಬಿಡುವ ನಾಟಕ ಕಂಪನಿಯ ಕಲಾವಿದರು, ಇವರೆಲ್ಲರ ವರ್ಷದ ಗಂಜಿ ಈ ಕೆಲವು ದಿನಗಳಲ್ಲಿ ಬೇಯುತ್ತದೆ. ರಾಯಚೂರಿನ ತೀನ್ ಕಂದೀಲಿನ ಸಣ್ಣ ಅಂಗಡಿಯವನಿಂದ ಉದ್ದರಿ ತಂದು ಇವರು ಜಾತ್ರೆಯಲ್ಲಿ ಮಾರುತ್ತಾರೆ. ಜಾತ್ರೆ ನಿಂತರೆ ಇವರ ಗಂಟು ಮುಳುಗುತ್ತದೆ, ಆ ಅಂಗಡಿಯವನ ಬಾಕಿಯೂ ಮುಳುಗುತ್ತದೆ. 2020 ಮತ್ತು 2021ರಲ್ಲಿ ಆದದ್ದು ಇದೇ. 2021ರ ಮೇ ತಿಂಗಳಲ್ಲಿ ಸರ್ಕಾರ ಬೀದಿ ವ್ಯಾಪಾರಿಗೆ 2000 ರೂಪಾಯಿ, ಹಮಾಲನಿಗೆ 2000, ಆಟೋದವನಿಗೆ 3000 ಘೋಷಿಸಿತು. ಎರಡು ಜಾತ್ರೆ ಕಳೆದುಕೊಂಡವನಿಗೆ ಆ ಎರಡು ಸಾವಿರ ಬಡ್ಡಿಯವನ ಬಾಗಿಲು ದಾಟಿ ಮನೆಗೆ ಬಂದಿತೆಂದು ನಂಬುವವರು ಬಡ್ಡಿಯವನನ್ನು ಕಂಡಿಲ್ಲ. ಕೊಳ್ಳುವವರ ಮಾತು ಬೇರೆಯೇ. ರಾಜೇಂದ್ರ ಗಂಜಿನಲ್ಲಿ ಚೀಲ ಹೊತ್ತವನಿಗೆ, ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಹೊಟ್ಟು ತೂರಿದವಳಿಗೆ ವರ್ಷದಲ್ಲಿ ಮಕ್ಕಳ ಕೈ ಹಿಡಿದು ನಾಲ್ಕು ಜನರ ನಡುವೆ ನಗುತ್ತ ನಡೆಯುವ ದಿನಗಳು ಎಷ್ಟು ಉಂಟು? ಅವರಿಗೆ ಬೆಟ್ಟದ ಮೇಲಿನ ಬಂಗಲೆಯಿಲ್ಲ. ಗುಂಪೇ ಅವರ ವಿಹಾರ.

ಆದುದರಿಂದಲೇ ಗುಂಪಿನ ವಿಷಯದಲ್ಲಿ ಅಧಿಕಾರಸ್ಥರು ತೋರಿದ ಎರಡು ನ್ಯಾಯವನ್ನು ನಾವು ಮರೆಯಲಾರೆವು. 2021ರ ಮಾರ್ಚ್ ಕೊನೆಗೆ ಹೋಳಿ, ಶಬೇ ಬರಾತ್, ಗುಡ್ ಫ್ರೈಡೆ, ಯುಗಾದಿಗಳನ್ನು ಬಯಲಲ್ಲಿ ಗುಂಪುಗೂಡಿ ಆಚರಿಸಬಾರದೆಂದು ಸರ್ಕಾರ ಅಪ್ಪಣೆ ಹೊರಡಿಸಿತು. ಜನ ಒಪ್ಪಿದರು. ಅದೇ ದಿನಗಳಲ್ಲಿ ನಮ್ಮ ಜಿಲ್ಲೆಯ ಮಸ್ಕಿಯಲ್ಲಿ ವಿಧಾನಸಭೆಯ ಉಪಚುನಾವಣೆ! ಹಿಂದೂ ಮುಸಲ್ಮಾನ ಕ್ರೈಸ್ತ ಹಬ್ಬಗಳಿಗೆ ಅಂಟುತ್ತಿದ್ದ ರೋಗ ಚುನಾವಣೆಯ ಸಭೆಗೆ ಮಾತ್ರ ಹೆದರಿ ದೂರ ನಿಂತಿತೆಂದು ನಾವು ನಂಬಬೇಕಾಗಿತ್ತು. ಏಪ್ರಿಲ್ 17ರಂದು ಮತದಾನವಾಯಿತು. ಹತ್ತು ದಿನಕ್ಕೆ, 27ರ ರಾತ್ರಿಯಿಂದ, ರಾಜ್ಯಕ್ಕೆ ರಾಜ್ಯವೇ ಬಾಗಿಲು ಹಾಕಿತು. ಹರಿದ್ವಾರದ ಕುಂಭಮೇಳವನ್ನು ಎಲ್ಲರೂ ಎತ್ತಿ ಆಡಿದರು. ಮಸ್ಕಿಯ ಬಯಲನ್ನು ಎತ್ತಿ ಆಡಿದವರು ಕಡಿಮೆ.

ಇಷ್ಟು ಹೇಳಿದ ಮೇಲೆ ನಮ್ಮ ಜನರಿಗೂ ಒಂದು ಮಾತು ಹೇಳಬೇಕು. ಹೊಗಳಿಕೆಯಿಂದ ಯಾರ ಶ್ವಾಸಕೋಶವೂ ಗಟ್ಟಿಯಾಗುವುದಿಲ್ಲ. ಕೊರೋನಾ ಗಾಳಿಯ ಮೂಲಕ ಹರಡುತ್ತದೆ. ಒಬ್ಬ ಬಿಟ್ಟ ಉಸಿರು ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲಾಡುತ್ತದೆ, ಬಯಲಲ್ಲಿ ಬೇಗ ಚದರುತ್ತದೆ. ತೇರು ಎಳೆಯುವ ಬಯಲಿಗಿಂತ ಗರ್ಭಗುಡಿಯ ಮುಂದಿನ ಇಕ್ಕಟ್ಟಾದ ಸಾಲು, ಕಿಟಕಿ ಮುಚ್ಚಿದ ಬಸ್ಸು, ಟಾರ್ಪಾಲು ಇಳಿಬಿಟ್ಟ ನಾಟಕದ ಡೇರೆ, ಚಿತ್ರಮಂದಿರ ಇವು ಹೆಚ್ಚು ಅಪಾಯದ ಜಾಗಗಳು. ರಾಯಚೂರಿನ ಕೋಟೆಯ ಗೋಡೆಯ ಮೇಲೆ, ಆಮ್ ತಲಾಬಿನ ದಂಡೆಯ ಮೇಲೆ ಒಬ್ಬನೇ ಮುಖ ಮುಚ್ಚದೆ ಕೂತವನನ್ನು ಹಿಡಿದು ದಂಡ ಹಾಕಿದರೆ ಅದರಲ್ಲಿ ಶಾಸ್ತ್ರವಿರಲಿಲ್ಲ. ತುಂಬಿದ ಬಸ್ಸಿನಲ್ಲಿ ಕೆಮ್ಮುತ್ತ ಕೂತವನು ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಅದರಲ್ಲಿ ಶಾಸ್ತ್ರವೂ ಉಂಟು, ಸಜ್ಜನಿಕೆಯೂ ಉಂಟು. ಸಾದಾ ಬಟ್ಟೆ ತೊಟ್ಟವನಿಗಿಂತ ಎದುರಿನವನನ್ನು ಹೆಚ್ಚು ಕಾಯುತ್ತದೆ. ಕೆಮ್ಮು ಜ್ವರ ಇದ್ದವರು ಆ ವಾರ ಜಾತ್ರೆಗೆ ಹೋಗಬೇಡಿ. ಹೋಗಲೇಬೇಕಾದರೆ ಮುಖಗವಸು ತೊಟ್ಟು, ಬಸ್ಸಿನ ಕಿಟಕಿ ತೆರೆದು ಕೂಡಿರಿ. ಮನೆಯ ಮುದುಕರನ್ನು, ಸಕ್ಕರೆ ಕಾಯಿಲೆಯವರನ್ನು, ಬಸುರಿಯರನ್ನು ತೇರಿನ ದಿನದ ನೂಕುನುಗ್ಗಲಿಗೆ ಕರೆದೊಯ್ಯದೆ ಹಿಂದಿನ ದಿನವೋ ಮರುದಿನವೋ ಕರೆದೊಯ್ಯಿರಿ. ಯಲ್ಲಮ್ಮ ಅದಕ್ಕೆ ಮುನಿಯಲಾರಳು. ಕೊರೋನಾ ಒಂದೇ ಅಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ನಾಲ್ವರಲ್ಲಿ ಒಬ್ಬರು ಭಾರತದವರು. ಅದೂ ಇದೇ ಗಾಳಿಯಲ್ಲಿ ಸಾಗುತ್ತದೆ. ಎರಡು ವಾರ ಬಿಡದ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಪುಕ್ಕಟೆ, ಔಷಧಿಯೂ ಪುಕ್ಕಟೆ. ನಾಚಿಕೆ ಬೇಡ.

ಉಸಿರಿನ ಮಾತು ಬಂದಾಗ ಗಿರಣಿಯ ಒಳಗೆ ಇಣುಕದೆ ಇರಲು ಸಾಧ್ಯವಿಲ್ಲ. ಬೀದಿಯಲ್ಲಿ ಕಾರ್ಮಿಕನ ಮುಖಕ್ಕೆ ಬಟ್ಟೆಯಿಲ್ಲವೆಂದು ದಂಡ ಕಿತ್ತರು. ಅದೇ ಕಾರ್ಮಿಕ ಹತ್ತಿಯ ಜಿನ್ನಿಂಗ್ ಗಿರಣಿಯ ಒಳಗೆ ಅರಳೆಯ ಧೂಳನ್ನು ದಿನವಿಡೀ ಕುಡಿಯುವಾಗ ಅವನ ಮುಖಕ್ಕೆ ಬಟ್ಟೆ ಕೊಡದ ಮಾಲೀಕನಿಗೆ ಅದೇ ಚುರುಕಿನಿಂದ ದಂಡ ಬಿದ್ದದ್ದುಂಟೆ? ಹತ್ತಿಯ ಧೂಳಿನಿಂದ ಬರುವ ಶ್ವಾಸಕೋಶದ ಬೇನೆಗೆ ವೈದ್ಯರು ಬಿಸಿನೋಸಿಸ್ ಎನ್ನುತ್ತಾರೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನ ಎದೆ ಬಿಗಿಯುವುದು ಅದರ ಮೊದಲ ಗುರುತು. ಈ ಗುರುತನ್ನು ನಮ್ಮ ಓದುಗರಲ್ಲಿ ಕೆಲವರು ವೈದ್ಯರ ಹೆಸರಿಲ್ಲದೆಯೇ ಬಲ್ಲರು. 1948ರ ಕಾರ್ಖಾನೆ ಕಾಯಿದೆಯ 14ನೆಯ ಕಲಮು ಧೂಳನ್ನು ತಡೆಯುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ಯಂತ್ರಶಕ್ತಿ ಬಳಸುವಲ್ಲಿ 10 ಮಂದಿ ಇದ್ದರೆ ಕಾರ್ಖಾನೆ ಎನ್ನುತ್ತಿದ್ದುದನ್ನು 20ಕ್ಕೆ ಏರಿಸಲಾಗಿದೆ. ಹಾಗಿದ್ದರೂ ಧೂಳಿಲ್ಲದ ಕೆಲಸದ ಸ್ಥಳ ಒದಗಿಸುವ ಮಾತು ಹೊಸ ಸಂಹಿತೆಯಲ್ಲಿಯೂ ಉಂಟು. ಧೂಳು ಹೀರುವ ಯಂತ್ರವನ್ನೂ ಒಳ್ಳೆಯ ಮುಖಗವಸನ್ನೂ ಕೇಳಿ ಪಡೆಯಲು ಸಂಘದವರು ಇಂದೇ ಅರ್ಜಿ ಬರೆಯಬೇಕು. ಗಿರಣಿಯಲ್ಲಿ ಕೆಟ್ಟ ಎದೆಗೇ ಜಾತ್ರೆಯ ಗುಂಪಿನ ಜ್ವರವೂ ಮೊದಲು ತಗಲುವುದು.

ಈ ಜಿಲ್ಲೆಗೆ ಸಾಂಕ್ರಾಮಿಕ ಹೊಸತಲ್ಲ. 1871ರಲ್ಲಿ ಮುಂಬಯಿ ಕಡೆಯ ರೈಲೂ ಮದರಾಸಿನ ರೈಲೂ ಕೂಡಿದ್ದು ರಾಯಚೂರಿನಲ್ಲಿ. ಅಂದಿನಿಂದ ಸರಕಿನ ಜೊತೆ ಜನ, ಜನದ ಜೊತೆ ಬೇನೆ ಓಡಾಡಿವೆ. ಮುಂಬಯಿಯ ಪ್ಲೇಗಿನ ಕಾಲಕ್ಕೆ, 1897ರಲ್ಲಿ, ಬ್ರಿಟಿಷರು ಮಾಡಿದ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರಲ್ಲಿ ಧೂಳು ಕೊಡವಿ ತೆಗೆದರು. ತಡೆಯುವ, ಹಿಡಿಯುವ, ದಂಡಿಸುವ ಅಧಿಕಾರ ಅದರಲ್ಲಿ ಬೇಕಾದಷ್ಟಿದೆ. ಕುಡಿಯುವ ನೀರು ಕೊಡಬೇಕೆಂಬ ಮಾತಿಲ್ಲ. 2020ರ ಮೇ ತಿಂಗಳಲ್ಲಿ ಮುಂಬಯಿಗೆ ಗುಳೆ ಹೋಗಿದ್ದ ದೇವದುರ್ಗದ ಕೂಲಿಗಳು ಮರಳಿ ಬಂದಾಗ ಅವರನ್ನು ಶಾಲೆ ವಸತಿನಿಲಯಗಳಲ್ಲಿ ಕೂಡಿಹಾಕಿದರು. ಅವರು ಗುಳೆ ಹೋದದ್ದೇಕೆಂದು ಯಾರೂ ಕೇಳಲಿಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿಯೇ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಬರೆದಿಟ್ಟಿತ್ತು.

ನೀರಿನ ಮಾತನ್ನು ನಾವು ಸುಮ್ಮನೆ ಎತ್ತಿಲ್ಲ. ಮುಖಗವಸು ಇಳಿದ ಎರಡೇ ತಿಂಗಳಿಗೆ, 2022ರ ಮೇ ಕೊನೆಯಲ್ಲಿ, ರಾಯಚೂರು ನಗರದ ನಲ್ಲಿಗಳಲ್ಲಿ ಕಲುಷಿತ ನೀರು ಬಂದು ವಾಂತಿಭೇದಿಯಿಂದ ಜನ ಸತ್ತರು. ಮರುವರ್ಷ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಕಲುಷಿತ ನೀರು ಕುಡಿದು ಊರಿಗೆ ಊರೇ ಹಾಸಿಗೆ ಹಿಡಿಯಿತು. ಮನೆಯ ನಲ್ಲಿಯೇ ಹೀಗಿರುವಾಗ ಸಾವಿರಾರು ಜನ ಸೇರುವ ಬಯಲಿನ ಟ್ಯಾಂಕರಿನ ನೀರನ್ನು ಪರೀಕ್ಷಿಸುವವರು ಯಾರು? ಕಾಯಿಲೆ ಬಿದ್ದವರಿಗೆ ರಿಮ್ಸ್ ಮತ್ತು ಒಪೆಕ್ ಆಸ್ಪತ್ರೆಗಳೇ ಗತಿ. ಏಮ್ಸ್ ಆಸ್ಪತ್ರೆ ಬೇಕೆಂದು 2022ರ ಮೇ 13ರಂದು ನಗರದಲ್ಲಿ ಹೂಡಿದ ಧರಣಿ ಸಾವಿರ ದಿನ ದಾಟಿದರೂ ದಿಲ್ಲಿಯ ಕಿವಿ ತೆರೆಯಲಿಲ್ಲ.

ರೋಗವೇ ಇಲ್ಲದಿದ್ದರೂ ವ್ಯವಸ್ಥೆಯಿಲ್ಲದ ಗುಂಪು ಕೊಲ್ಲುತ್ತದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ರಾಜಧಾನಿಯ ನಡುವೆ, ಪೊಲೀಸರೂ ಆಸ್ಪತ್ರೆಗಳೂ ಕೈಗೆಟುಕುವಲ್ಲಿ ಆದದ್ದು ಅದು. ನೀರಮಾನ್ವಿಯ ತೇರಿನ ಬಯಲಲ್ಲಿ ಅಂತಹ ನೂಕಾಟ ನಡೆದರೆ ಮಾನ್ವಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಸಿಗುತ್ತವೆ ಎಂದು ತಹಶೀಲ್ದಾರರು ಈಗಲೇ ಎಣಿಸಿಟ್ಟುಕೊಳ್ಳುವುದು ಒಳಿತು.

ಜಾತ್ರೆ ನಿಲ್ಲಿಸಿರೆಂದು ನಾವು ಕೇಳುತ್ತಿಲ್ಲ. ಮುಖಗವಸಿನ ದಂಡವನ್ನು ಮರಳಿ ತನ್ನಿರೆಂದೂ ಕೇಳುತ್ತಿಲ್ಲ. ದೊಡ್ಡ ಜಾತ್ರೆಗಳಿಗೆ ಮುಂಚೆ ಜಿಲ್ಲಾಡಳಿತ ಕರೆಯುವ ಪೂರ್ವಭಾವಿ ಸಭೆಯಲ್ಲಿ ಪೂಜಾರಿಗಳು, ಪುಢಾರಿಗಳು, ಹರಾಜು ಹಿಡಿದ ಗುತ್ತಿಗೆದಾರರು ಮಾತ್ರ ಕೂತರೆ ಸಾಲದು. ಹಮಾಲರ ಸಂಘ, ಬೀದಿ ವ್ಯಾಪಾರಿಗಳು, ಆಶಾ ಕಾರ್ಯಕರ್ತೆಯರು ಕೂಡಬೇಕು. ವ್ಯಾಪಾರಿಯಿಂದ ಜಾಗದ ಕರ ವಸೂಲಿ ಮಾಡುವಾಗ ಆ ಹಣದಲ್ಲಿ ಎಷ್ಟು ಶೌಚಾಲಯ, ಎಷ್ಟು ನಲ್ಲಿ ಎಂಬುದನ್ನು ಬಯಲಲ್ಲಿಯೇ ಫಲಕ ಹಾಕಿ ತಿಳಿಸಬೇಕು. ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ, ರಾತ್ರಿ ದೀಪ ಬೇಕು. ಬಸ್ಸು ಹೆಚ್ಚಿಸಬೇಕು; ಎರಡು ಬಸ್ಸಿನ ಜನವನ್ನು ಒಂದಕ್ಕೆ ತುಂಬಿ ಆಮೇಲೆ ಅಂತರ ಕಾಯಿರೆಂದು ಉಪದೇಶಿಸುವುದು ನಗೆಪಾಟಲು. ದರ್ಶನದ ಸಾಲು ಬಯಲಲ್ಲಿರಲಿ, ಮೇಲೆ ನೆರಳಿರಲಿ. ಕೆಮ್ಮಿದ್ದವರಿಗೆ ಪುಕ್ಕಟೆ ಮುಖಗವಸು ಕೊಡುವ, ಜ್ವರ ಕಫ ನೋಡುವ ಒಂದು ಡೇರೆ ಬಯಲಿನ ಬಾಗಿಲಲ್ಲೇ ಇರಲಿ, ಪಕ್ಕದಲ್ಲಿ ಆಂಬ್ಯುಲೆನ್ಸ್ ನಿಂತಿರಲಿ. ಮಂತ್ರಾಲಯದ ಆರಾಧನೆಯ ದಿನಗಳಲ್ಲಿ ಹೊಳೆಯ ಈಚೆಗೊಂದು ಸರ್ಕಾರ, ಆಚೆಗೊಂದು ಸರ್ಕಾರ. ಎರಡು ಜಿಲ್ಲೆಗಳ ಅಧಿಕಾರಿಗಳು ಒಂದೆಡೆ ಕೂತು ಬಸ್ಸು, ಆಸ್ಪತ್ರೆಗಳ ಹೊಂದಾಣಿಕೆ ಮಾಡಿಕೊಳ್ಳಲಿ.

ಈ ಬೇಡಿಕೆಗಳನ್ನು ಬರೆದು ರಾಯಚೂರು, ಮಾನ್ವಿ, ದೇವದುರ್ಗಗಳ ನಮ್ಮ ಶಾಖೆಗಳು ತಹಶೀಲ್ದಾರರಿಗೆ ಕೊಡಬೇಕು. ಕಳೆದ ಜಾತ್ರೆಯಲ್ಲಿ ನೀರು, ಶೌಚಾಲಯ, ಜಾಗದ ಕರಗಳ ವಿಷಯದಲ್ಲಿ ತೊಂದರೆ ಉಂಡ ವ್ಯಾಪಾರಿಗಳು ತಾವು ಕೊಟ್ಟ ರಸೀತಿಯ ಸಮೇತ ಶಾಖೆಯ ಕಾರ್ಯದರ್ಶಿಗಳನ್ನು ಕಾಣಲಿ. ರಸೀತಿಯನ್ನೇ ಕೊಡದೆ ಹಣ ಎತ್ತಿದ್ದರೆ ಆ ಮಾತನ್ನೂ ಬರೆಯಿಸಲಿ.