ಮನೆಯ ಮಾತು: ಹಳೆಯ ಪದ, ಹೊಸ ವಾದ್ಯ



ಒಂದು ಹಾಡು ಒಳ್ಳೆಯದೋ ಅಲ್ಲವೋ ಎಂಬುದನ್ನು ನಿರ್ಣಯಿಸತಕ್ಕವರು ಯಾರು? ಹಾಡಿದವರೇ, ಮಾರುವವರೇ, ಪರದೇಶದ ಪತ್ರಿಕೆಯವರೇ, ಅಥವಾ ಮನೆಯಲ್ಲಿ ಕುಳಿತು ಕೇಳುವ ನಾವೇ? ಈ ಪ್ರಶ್ನೆಯು ನಮ್ಮ ಮನೆಯಲ್ಲಿ ಮೂರು ವರ್ಷಗಳ ಕಾಲ ಒಂದು ಮೌನಕ್ಕೆ ಕಾರಣವಾಗಿದ್ದಿತು. ಇಂತಹ ಮೌನವು ಇನ್ನೂ ಅನೇಕರ ಮನೆಗಳಲ್ಲಿ ಇರಬಹುದಾದುದರಿಂದ, ಈ ತಿಂಗಳು ಅದನ್ನೇ ವಾಚಕರ ಮುಂದಿಡುತ್ತೇನೆ.

ನಮ್ಮ ಮನೆ ಮೈಸೂರು ನಗರದ ಈಶಾನ್ಯ ಭಾಗದ ಕೆಸರೆಯಲ್ಲಿದೆ. 2008ನೆಯ ಇಸವಿಯ ಮಳೆಗಾಲ. ಹೆಸರಿಗೆ ತಕ್ಕಂತೆ ಬೀದಿಯೆಲ್ಲ ಕೆಸರಾಗಿದ್ದ ಒಂದು ಸಂಜೆ, ಕಾಲೇಜಿನಲ್ಲಿ ಓದುತ್ತಿದ್ದ ನನ್ನ ಮಗನು ಒಂದು ಸಿ.ಡಿ.ಯನ್ನು ತಂದು ಹಾಕಿದನು. ಗಿಟಾರು, ಡ್ರಮ್ಮುಗಳ ಅಬ್ಬರದ ನಡುವೆ ತುಂಬು ಕಂಠವೊಂದು ಶಿಶುನಾಳ ಶರೀಫರ ‘ಸೋರುತಿಹುದು ಮನೆಯ ಮಾಳಿಗಿ’ ಪದವನ್ನು ಹಾಡತೊಡಗಿತು. ದೇವರ ದೀಪವನ್ನು ಹಚ್ಚುತ್ತಿದ್ದ ನಮ್ಮ ಅತ್ತೆಯವರು ಕೈಯಲ್ಲಿದ್ದ ಬತ್ತಿಯೊಡನೆಯೇ ಹೊರಗೆ ಬಂದರು. ಅವರು ಹಾವೇರಿಯ ಕಡೆಯವರು. ಶರೀಫರ ಪದಗಳನ್ನು ಊರಿನ ಭಜನೆಯಲ್ಲಿ ಕೇಳಿ ಬೆಳೆದವರು.

“ತಮ್ಮಾ, ಬಂದ್ ಮಾಡದನ್ನ. ಭಜನಿಯೊಳಗ ಹಾಡೂ ಪದ ಅದು, ಕುಣಿಯಾಕಲ್ಲ” ಎಂದರು.

ಮಗನು ಮರುಮಾತಾಡದೆ ನಿಲ್ಲಿಸಿದನು. ನಾನೋ, ಆ ಹಾಡನ್ನು ಪೂರ್ತಿಯಾಗಿ ಕೇಳದೆಯೇ, ಅತ್ತೆಯವರ ಮಾತೇ ಸರಿಯೆಂದು ತೀರ್ಪಿತ್ತೆನು. ಅಂದಿನಿಂದ ಅವನು ಕಿವಿಗೆ ತಂತಿಯನ್ನು ಸಿಕ್ಕಿಸಿಕೊಂಡು ಒಬ್ಬನೇ ಕೇಳುವುದು ರೂಢಿಯಾಯಿತು.

ಆ ಧ್ವನಿಮುದ್ರಿಕೆಯ ವೃತ್ತಾಂತವನ್ನು ನಾನು ತಿಳಿದುಕೊಂಡದ್ದು ತರುವಾಯ. ಅದರ ಹೆಸರು ‘ಅಂತರಾಗ್ನಿ’. ಹಾಡಿದ ತಂಡವು ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’. ತಂಡದ ನಾಯಕರಾದ ರಘು ದೀಕ್ಷಿತರು ಮೈಸೂರಿನಲ್ಲಿಯೇ ಬೆಳೆದವರು; ಇಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರವನ್ನು ಓದಿ ಚಿನ್ನದ ಪದಕವನ್ನು ಪಡೆದವರು; ಭರತನಾಟ್ಯವನ್ನು ಅಭ್ಯಾಸ ಮಾಡಿದವರು. ಗಿಟಾರನ್ನು ಕೈಗೆತ್ತಿಕೊಂಡದ್ದು ಗೆಳೆಯನೊಬ್ಬನೊಡನೆ ಕಟ್ಟಿದ ಪಂಥದಿಂದಂತೆ. ಸಿನಿಮಾದ ಆಶ್ರಯವಿಲ್ಲದೆ ತಮ್ಮ ಹಾಡನ್ನು ತಾವೇ ಕಟ್ಟಿ ಹಾಡುವ ಇಂತಹ ಸ್ವತಂತ್ರ ತಂಡಗಳಿಗೆ ನಮ್ಮ ದೇಶದಲ್ಲಿ ದಾರಿ ಸುಲಭವಲ್ಲ. ಧ್ವನಿಮುದ್ರಣದ ಕಂಪೆನಿಗಳು ಅವರನ್ನು ವರ್ಷಗಟ್ಟಲೆ ಬರಿಗೈಯಲ್ಲಿ ಹಿಂದಿರುಗಿಸಿದವು. ಕಡೆಗೆ ಮುಂಬಯಿಯ ಚಲನಚಿತ್ರ ಸಂಗೀತಗಾರರಾದ ವಿಶಾಲ್–ಶೇಖರ್ ಎಂಬ ಜೋಡಿಯು ಇವರ ಹಾಡನ್ನು ಕೇಳಿ ಮೆಚ್ಚಿ, 2008ರಲ್ಲಿ ಈ ಮುದ್ರಿಕೆಯನ್ನು ಹೊರತಂದಿತು. ಕನ್ನಡ, ಹಿಂದಿ, ಇಂಗ್ಲಿಷು ಬೆರೆತ ಹಾಡುಗಳು ಅದರಲ್ಲಿವೆ. ಅವುಗಳಲ್ಲಿ ಎರಡು ಶರೀಫರವು.

ಭಜನೆಯಲ್ಲಿ ಹತ್ತು ಜನರು ಒಂದೇ ಉಸಿರಿನಲ್ಲಿ ಹಾಡುತ್ತಾರೆ. ಆದ ತಪ್ಪು ಆದಂತೆಯೇ ಉಳಿಯುತ್ತದೆ. ಸ್ಟುಡಿಯೋದಲ್ಲಿ ಹಾಗಲ್ಲ. ಅಲ್ಲಿ ಸಾಮಾನ್ಯವಾಗಿ ಒಂದೊಂದು ವಾದ್ಯವನ್ನೂ ಕಂಠವನ್ನೂ ಪ್ರತ್ಯೇಕವಾಗಿ ಹಿಡಿದಿಟ್ಟು, ಹೆಚ್ಚುಕಡಿಮೆಗಳನ್ನು ತೂಗಿ, ಬಳಿಕ ಒಂದುಗೂಡಿಸುತ್ತಾರೆ. ಹೀಗೆ ತೂಗುವಾಗ ಸಾಹಿತ್ಯವು ವಾದ್ಯದ ಕೆಳಗೆ ಹೂತುಹೋಗದಂತೆ ನೋಡಿಕೊಳ್ಳುವುದೇ ಜಾಣತನ.

ಹೊರದೇಶದಲ್ಲಿ ಇದಕ್ಕೆ ದೊರೆತ ಮನ್ನಣೆಯು ಆಶ್ಚರ್ಯಕರವಾದುದು. 2010ರಲ್ಲಿ ತಂಡವು ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡರ ದೂರದರ್ಶನ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ, ಬ್ರಿಟನ್ನಿನ ಐಟ್ಯೂನ್ಸ್ ಮಾರಾಟ ಪಟ್ಟಿಯ ವಿಶ್ವಸಂಗೀತ ವಿಭಾಗದಲ್ಲಿ ಈ ಮುದ್ರಿಕೆಯು ಅಗ್ರಸ್ಥಾನಕ್ಕೇರಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯವರು ಶ್ರೇಷ್ಠ ಹೊಸ ಕಲಾವಿದರ ಪ್ರಶಸ್ತಿಯನ್ನಿತ್ತರು. ಅದೇ ವರ್ಷ ಗ್ಲಾಸ್ಟನ್‌ಬರಿಯ ಮಹೋತ್ಸವದಲ್ಲಿ ತಂಡವು ಹಾಡಿತು.

ಪ್ರಶಸ್ತಿಯ ಸುದ್ದಿಯನ್ನು ನಾನು ಓದಿದೊಡನೆ ಅಭಿಪ್ರಾಯವನ್ನು ಬದಲಿಸಿದೆನೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಅತ್ತೆಯವರ ಬಳಿಗೆ ಹೋಗಿ, “ನೋಡಿ, ಇಂಗ್ಲೆಂಡಿನವರೇ ಮೆಚ್ಚಿದ್ದಾರೆ” ಎಂದೆನು. ಅವರು ಹೂ ಕಟ್ಟುವುದನ್ನು ನಿಲ್ಲಿಸದೆ ನುಡಿದರು:

“ಅವರು ಹೊಗಳಿದರ ನಮ್ಮ ಮಾಳಿಗಿ ಸೋರೂದು ನಿಂತೀತೇನವಾ? ಕರಿ ಹುಡುಗನ್ನ. ನಾನ ಕೇಳ್ತೀನಿ.”

ಮಗನು ಬಂದು ಹಾಡನ್ನು ಹಾಕಿದನು. ಅತ್ತೆಯವರು ಕಣ್ಣು ಮುಚ್ಚಿ ಕಡೆಯವರೆಗೆ ಕೇಳಿದರು. “ಮಾತು ಕೆಟ್ಟಿಲ್ಲ. ಗಡಿಬಿಡಿ ಮಾತ್ರ ಭಾಳ ಆತು” ಎಂದರು. ಬಳಿಕ, “ತಮ್ಮಾ, ಮಾಳಿಗಿ ಅಂದರ ಏನು ಹೇಳು?” ಎಂದು ಕೇಳಿದರು.

“ಮಹಡಿ ಅಲ್ಲವೇ ಅಜ್ಜಿ?” ಎಂದನು.

ಅತ್ತೆಯವರು ನಕ್ಕುಬಿಟ್ಟರು. ಅವರ ಕಡೆ ಮಾಳಿಗಿಯೆಂದರೆ ಮಣ್ಣು ಮುಚ್ಚಿದ ಚಪ್ಪಟೆಯಾದ ಛಾವಣಿ. ಕೆಳಗಿನ ಮರ ಹುಳಿತು, ಮೇಲಿನ ಮಣ್ಣು ಬಿರಿದರೆ ಮನೆಯೆಲ್ಲ ಸೋರುವುದು. ಮಳೆಗಾಲಕ್ಕೆ ಮುಂಚೆ ಏರಿ ಮಣ್ಣು ಮುಚ್ಚದ ಯಜಮಾನನಿಗೆ ರಾತ್ರಿಯೆಲ್ಲ ಜಾಗರಣೆ. ಶರೀಫರು ಹೇಳಿದ ಮನೆ ಈ ದೇಹ, ಸೋರುವುದು ಅಜ್ಞಾನದಿಂದ. ಇದನ್ನು ಅವರು ವಿವರಿಸುತ್ತಿದ್ದಾಗ ಮಗನ ಮುಖವನ್ನು ನೋಡಿದೆನು. ಮೂರು ವರ್ಷ ಹಾಡು ಮೊಮ್ಮಗನ ಕಿವಿಯಲ್ಲಿದ್ದಿತು, ಅರ್ಥವು ಅಜ್ಜಿಯ ಎದೆಯಲ್ಲಿದ್ದಿತು. ನಡುವಣ ಬಾಗಿಲನ್ನು ಮುಚ್ಚಿಹಿಡಿದಿದ್ದವಳು ನಾನು.

ವಿಚಾರಿಸಿ ನೋಡಿದರೆ, ಪದಕ್ಕೆ ಹೊಸ ಉಡುಗೆಯೇನೂ ಹೊಸದಲ್ಲ. 1819ರಿಂದ 1889ರವರೆಗೆ ಬಾಳಿದ ಶರೀಫರು, ಹುಟ್ಟಿನಿಂದ ಮುಸಲ್ಮಾನರಾಗಿದ್ದೂ ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದವರು. ಅವರ ಪದಗಳು ಏಕತಾರಿಯಿಂದ ಭಜನೆಯ ತಾಳಕ್ಕೆ ಬಂದವು, ಸಿ. ಅಶ್ವತ್ಥರಿಂದ ಭಾವಗೀತೆಯ ವೇದಿಕೆಗೂ, 1990ರಲ್ಲಿ ನಾಗಾಭರಣರ ಚಲನಚಿತ್ರಕ್ಕೂ ಏರಿದವು. ಆ ಚಿತ್ರವನ್ನು ಅತ್ತೆಯವರೇ ಎರಡು ಸಲ ನೋಡಿದ್ದರು. ಅಲ್ಲಿಯ ವಾದ್ಯಮೇಳಕ್ಕೆ ಒಗ್ಗಿದ ಕಿವಿ ಗಿಟಾರಿಗೆ ಮಾತ್ರ ಮುನಿದದ್ದೇಕೆ? ಕಿವಿಗೆ ಅಭ್ಯಾಸವಿರಲಿಲ್ಲ, ಅಷ್ಟೆ.

ಆ ಬಳಿಕ ಎರಡು ಮಳೆಗಾಲ ಅಜ್ಜಿ ಮೊಮ್ಮಕ್ಕಳು ಕೂಡಿ ಹಾಡಿದರು. ಅವರು ತಮ್ಮ ಧಾಟಿಯಲ್ಲಿ, ಅವನು ಗಿಟಾರಿನಲ್ಲಿ ಶ್ರುತಿ ಹಿಡಿದು. ಅತ್ತೆಯವರು ಈಗಿಲ್ಲ. ಹಿಂದಿನ ಮೂರು ವರ್ಷಗಳೂ ನಮಗೆ ದೊರೆಯಬಹುದಾಗಿದ್ದವಲ್ಲಾ ಎಂಬ ಕೊರಗು ಮಳೆ ಬಂದಾಗಲೆಲ್ಲ ನನ್ನನ್ನು ಬಾಧಿಸುತ್ತದೆ.

ಆದುದರಿಂದ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ. ಮಕ್ಕಳು ತರುವ ಹೊಸ ಹಾಡನ್ನು ಪರರು ಹೊಗಳಿದರೆಂದು ಒಪ್ಪಬೇಡಿ. ಸದ್ದು ಹೊಸದೆಂದು ತಳ್ಳಲೂ ಬೇಡಿ. ಒಮ್ಮೆ ಅವರೊಡನೆ ಕುಳಿತು ಕಡೆಯವರೆಗೆ ಕೇಳಿ. ಅರ್ಥ ತಿಳಿದಿದ್ದರೆ ಹೇಳಿ, ತಿಳಿಯದಿದ್ದರೆ ಕೇಳಿ. ತೀರ್ಪು ಆಮೇಲೆ ಆಗಲಿ, ಅದಕ್ಕೆ ಅವಸರವಿಲ್ಲ.